ಪಾಲಕ್ ಸೊಪ್ಪು ತಿನ್ನದ ಹುಳು

ನನ್ನ ಹೆಸರು ದಾನಮ್ಮ, ಗಂಡ ಲೇಟ್ ಏಕಾಂತಯ್ಯ, ವಯಸ್ಸು ಅರವತ್ತೇಳು, ಕಸುಬು ಮನೆಗೆಲಸ. ವಾಸ ಬಸವೇಶ್ವರನಗರ ಮೂರನೇ ಹಂತ, ಅಳಿಯ ಚನ್ನವೀರೇಶ್ ಅವರ ಮನೆ. ಓದು ಊರಿನ ಶಾಲೆಯಲ್ಲಿ ಮೂರನೇ ತರಗತಿವರೆಗೆ. ಈ ದಿನ ಭಾನುವಾರ ಠಾಣೆಗೆ ಖುದ್ದಾಗಿ ಬಂದು ಬಾಯಲ್ಲಿ ಹೇಳಿ ಬರೆಸುತ್ತಿರುವುದೇನೆಂದರೆ:

ನಾನು ಯಾರ ಮೇಲೂ ದೂರು ಕೊಡಲು ಬಂದಿಲ್ಲ. ಬೆಳಿಗ್ಗೆ ನನ್ನ ಅಳಿಯನಿಗೆ ಸಮುದ್ರದ ಹುಳುವೊಂದು ಚುಚ್ಚಿ, ಅವರು ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರದ ಮೇಲಿದ್ದಾರೆ. ಅದೇ ಬಕೆಟ್ಟಿನಲ್ಲಿ ಬಂದ ಅಂಥದೇ ಇನ್ನೊಂದು ಹುಳು ಕೆಂಗೇರಿ ಉಪನಗರದ ಸಿದ್ದಬಸಪ್ಪ ಎಂಬುವರ ಮನೆಯಲ್ಲಿದೆ. ಅದು ಎಂಥದ್ದೆಂದು ಅವರಿಗೆ ಗೊತ್ತಿಲ್ಲ. ಅವರ ಫೋನು ನಂಬರಿದೆ, ಮನೆ ನಂಬರಿಲ್ಲ. ಫೋನು ಮಾಡಿದರೆ ಎತ್ತುತ್ತಿಲ್ಲ. ಪೊಲೀಸಿನವರು ಆ ಮನೆ ಹುಡುಕಿಸಬೇಕು, ಇಷ್ಟೇ ನಾನು ಕೇಳುವುದು. ಠಾಣೆಯ ರೈಟರ್ ಗುರುಸಿದ್ದಯ್ಯನವರು ಮೊದಲಿನಿಂದ ಹೇಳಿ ಅಂದದ್ದರಿಂದ ಮೊದಲಿನಿಂದ ಹೇಳುತ್ತೇನೆ. ಬಸವನಹುಳು ಚುಚ್ಚಿತು ಅಂದ ಕೂಡಲೇ ಅವರು ನಕ್ಕರು. ನಕ್ಕಿದ್ದನ್ನೂ ಬರೆಯಿರಿ ಅಂದೆ. ಆಮೇಲೆ ನಗಲಿಲ್ಲ.

ನನ್ನ ಅಳಿಯ ಪಾಲಿಟೆಕ್ನಿಕ್‌ನಲ್ಲಿ ಮೇಷ್ಟ್ರು. ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ. ಇರುವುದೊಂದೇ ಚಟ, ನೀರಿನದು. ಹಾಲಿನಲ್ಲಿ ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿ ಇಟ್ಟು, ನೀರಿಗೆ ಉಪ್ಪು ಕಲಸಿ ಸಮುದ್ರ ಮಾಡಿಕೊಂಡಿದ್ದಾರೆ. ಅದರಲ್ಲಿ ಕಲ್ಲು, ಮರಳು, ಜೀವ ಇರುವ ಹವಳ, ಆರು ಸಣ್ಣ ಮೀನು. ನಲ್ಲಿಯಲ್ಲಿ ನೀರು ಬರದೆ ನಾವು ಸ್ನಾನ ಬಿಟ್ಟ ದಿನವೂ ಸಮುದ್ರಕ್ಕೆ ನೀರು ಹೊಂದಿಸುತ್ತಾರೆ. ನಮ್ಮದು ದಿನಾ ಲಿಂಗಪೂಜೆ ನಡೆಯುವ ಮನೆ. ಮೀನಿಗೆ ಡಬ್ಬಿಯಿಂದ ಏನೋ ಚೂರು ಉದುರಿಸುತ್ತಾರೆ. ಅದು ಏನೆಂದು ನಾನು ಕೇಳಿಲ್ಲ, ಅವರು ಹೇಳಿಲ್ಲ.

ದೀಪಾವಳಿಗೆ ಮೊದಲು ಗಾಜಿನ ಮೇಲೂ ಹವಳದ ಮೇಲೂ ಪಾಚಿ ಕಟ್ಟತೊಡಗಿತು. ಕೈಯಲ್ಲಿ ಉಜ್ಜಿದರೆ ಹವಳ ಮುರಿಯುತ್ತದೆ, ಪಾಚಿ ತಿನ್ನುವ ಬಸವನಹುಳು ಮತ್ತು ಏಡಿ ತಂದು ಬಿಡಬೇಕು, ಆದರೆ ನೋಡಿ ಆರಿಸಬೇಕು, ತಪ್ಪಿ ಬೇರೆ ಜಾತಿಯದು ಬಂದರೆ ಮೀನನ್ನೇ ತಿಂದುಬಿಡುತ್ತದೆ ಎಂದು ಅಳಿಯ ಹೇಳಿದರು. ವಿಜಯನಗರದಲ್ಲಿ ಮೀನಿನ ತೊಟ್ಟಿಗಳ ಅಂಗಡಿ ಇಟ್ಟಿರುವ ವೆಂಕಟಗಿರಿ ಎಂಬುವನಿಗೆ ಹೇಳಿದ್ದರು. ಅವನು ತಮಿಳುನಾಡಿನ ಕಡಲ ದಂಡೆಗೆ ಹೋಗಿ ಒಂದು ಬಕೆಟ್ ತುಂಬ ಬಾಚಿಕೊಂಡು, ಹಬ್ಬ ಮುಗಿದ ಮೇಲೆ ಸೋಮವಾರ ಸಂಜೆ ನಮ್ಮ ಮನೆಗೆ ತಂದ. ಆ ವೆಂಕಟಗಿರಿ ಈಗ ಈ ಠಾಣೆಯ ಬೆಂಚಿನ ಮೇಲೆ ಕೂತು ಕೆಂಗೇರಿಗೆ ಫೋನು ಮಾಡುತ್ತಿದ್ದಾನೆ.

ಸೋಮವಾರ ಹಾಲಿನಲ್ಲಿ ಪ್ಲಾಸ್ಟಿಕ್ ಟಬ್ ಇಟ್ಟುಕೊಂಡು ಹೆಣ್ಣು ನೋಡುವ ಶಾಸ್ತ್ರದಂತೆ ಒಂದೊಂದನ್ನೇ ನೋಡಿದರು. ಬುಗುರಿಯಂತೆ ಇರುವ ಹುಳು ಒಳ್ಳೆಯದು, ಗಾಜು ಕೆರೆಯುತ್ತದೆ. ಗುಂಡಗಿರುವುದು ಒಳ್ಳೆಯದು, ಕಲ್ಲು ನೆಕ್ಕುತ್ತದೆ. ಏಡಿಯಾದರೆ ಕೈ ನೋಡಬೇಕಂತೆ.

"ಕೈ ತುದಿ ಚಮಚದ ಥರ ಇದ್ರೆ ಪಾಚಿ ಕೆರ್ಕೊಂಡು ತಿನ್ನುತ್ತೆ ಸಾರ್. ಕತ್ತರಿ ಥರ ಚೂಪಾಗಿದ್ರೆ ಮೀನಿಗೆ ಕೈ ಹಾಕುತ್ತೆ" ಎಂದು ವೆಂಕಟಗಿರಿ ಹೇಳಿದ. ಸತ್ತ ಹುಳುವಿನ ಚಿಪ್ಪಿನಲ್ಲಿ ಸೇರಿಕೊಂಡಿರುವ ಸಣ್ಣ ಏಡಿಗಳನ್ನೂ ತೋರಿಸಿದ. ಬೆಳೆದ ಹಾಗೆಲ್ಲ ಮನೆ ಬದಲಾಯಿಸುತ್ತವೆ, ಅದಕ್ಕೆ ಖಾಲಿ ಚಿಪ್ಪುಗಳನ್ನೂ ತೊಟ್ಟಿಗೆ ಹಾಕಿಡಬೇಕು ಅಂದ. ಅಡ್ವಾನ್ಸ್ ಯಾರ ಕೈಗೆ ಕೊಡುತ್ತವೆ ಎಂದು ನಾನು ಕೇಳಿದೆ. ಅಳಿಯ ನಕ್ಕರು. ಆ ನಗು ನನಗೆ ಈಗ ಕಣ್ಣಿಗೆ ಕಟ್ಟಿದಂತಿದೆ.

ಬಕೆಟ್ಟಿನ ತಳದಲ್ಲಿ ಒಂದೇ ಥರದ ಎರಡು ಹುಳು ಇದ್ದವು. ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡವು, ಒಂದು ಕಡೆ ಅಗಲ, ಇನ್ನೊಂದು ಕಡೆ ಚೂಪು, ಮೈಮೇಲೆ ಕಂದು ಬಣ್ಣದಲ್ಲಿ ಬಲೆ ನೇಯ್ದ ಹಾಗಿತ್ತು. ನೋಡಲು ಬಹಳ ಚೆಂದ. ಇದು ಏನು ತಿನ್ನುತ್ತದೆಂದು ಅಳಿಯ ಕೇಳಿದರು. ವೆಂಕಟಗಿರಿಗೆ ಗೊತ್ತಿರಲಿಲ್ಲ. ಅಂಗಡಿಯಲ್ಲಾದರೆ ಒಂದು ಚೂರು ಒಣ ಸೀಗಡಿ ನೀರಿಗೆ ಹಾಕುತ್ತೇವೆ, ಮಾಂಸ ತಿನ್ನುವವು ಎದ್ದು ಬರುತ್ತವೆ, ಅವನ್ನು ಬಿಟ್ಟು ಉಳಿದವನ್ನು ಕೊಡುತ್ತೇವೆ ಎಂದು ಹೇಳಿ ಜೇಬಿನಿಂದ ಪೊಟ್ಟಣ ತೆಗೆದ.

"ಏನಪ್ಪಾ ವೆಂಕಟಗಿರಿ, ಪೂಜೆ ಆಗೋ ಮನೆಗೆ ಸೀಗಡಿ ಜೇಬಲ್ಲಿಟ್ಕೊಂಡು ಬಂದಿದೀಯಲ್ಲ, ಚಪ್ಲಿ ಹೊರಗೆ ಬಿಟ್ಟಿದ್ದು ಯಾವ ಸೌಭಾಗ್ಯಕ್ಕೆ?" ಎಂದು ನಾನು ಕೇಳಿದೆ. ಅವನು ಪೊಟ್ಟಣ ತೆಗೆದುಕೊಂಡು ಹೋಗಿ ಸ್ಕೂಟರಿನ ಡಿಕ್ಕಿಯಲ್ಲಿಟ್ಟು, ಕೈ ತೊಳೆದು ಬಂದ.

ಆದ್ದರಿಂದ ನಮ್ಮ ಮನೆಯಲ್ಲಿ ಪರೀಕ್ಷೆ ಸೊಪ್ಪಿನಿಂದ ಆಯಿತು. ಅಡುಗೆಮನೆಯಿಂದ ಪಾಲಕ್ ಎಲೆ ತಂದು ಟಬ್ಬಿಗೆ ಹಾಕಿದೆವು. ಎಲೆಗೆ ಬಾಯಿ ಹಾಕಿದವು ಸಸ್ಯಾಹಾರಿ, ಅವು ಒಳಗೆ. ಬಾಯಿ ಹಾಕದವು ವಾಪಸು. ಬಲೆ ಮೈಯ ಹುಳು ಎರಡೂ ಎಲೆಯ ಕಡೆ ತಿರುಗಲಿಲ್ಲ. ಲೆಕ್ಕದ ಪ್ರಕಾರ ವಾಪಸು ಹೋಗಬೇಕಿತ್ತು. ಆದರೆ ಮೊಮ್ಮಗಳು ಅನಘಾ, ಐದು ವರ್ಷದವಳು, ಅದು ದೇವರ ಶಂಖ, ಬೇಕೇ ಬೇಕು ಎಂದು ಹಟ ಹಿಡಿದಳು. "ಪ್ರಯಾಣದ ಸುಸ್ತು ಅತ್ತೆ, ನಾಳೆ ತಿನ್ನುತ್ತೆ" ಎಂದು ಅಳಿಯ ಒಂದನ್ನು ತೊಟ್ಟಿಗೆ ಬಿಟ್ಟರು. ಅದು ಬಿಟ್ಟ ಕೂಡಲೇ ಮರಳಿನಲ್ಲಿ ಹೂತುಕೊಂಡಿತು. ಇನ್ನೊಂದನ್ನು ವೆಂಕಟಗಿರಿ ಬಕೆಟ್ಟಿನಲ್ಲಿ ತೆಗೆದುಕೊಂಡು ಹೋದ.

ಬುಧವಾರ ಬೆಳಿಗ್ಗೆ ಒಂದು ಮೀನು ಇರಲಿಲ್ಲ. ಗುರುವಾರ ಇನ್ನೊಂದು ಇರಲಿಲ್ಲ. ಮುಳ್ಳು ಕೂಡ ಸಿಗಲಿಲ್ಲ. ಏಡಿಗಳಲ್ಲಿ ದೊಡ್ಡದೊಂದರ ಮೇಲೆ ಎಲ್ಲರಿಗೂ ಅನುಮಾನ ಬಂದು, ಅಳಿಯ ಅದನ್ನು ಹಿಡಿದು ಅಂಗಡಿಗೆ ವಾಪಸು ಕೊಟ್ಟು ಬಂದರು. ಶನಿವಾರ ಮತ್ತೊಂದು ಮೀನು ಮಾಯವಾಯಿತು. ಏಡಿ ಗಡೀಪಾರಾದ ಮೇಲೂ ಕಳ್ಳತನ ನಿಲ್ಲಲಿಲ್ಲ ಅಂದರೆ ಕಳ್ಳ ಬೇರೆ ಇದ್ದಾನೆ ಎಂದು ಆಗಲೇ ತಿಳಿಯಬೇಕಿತ್ತು. ಬಸವಣ್ಣನ ಹೆಸರಿಟ್ಟುಕೊಂಡ, ಗಳಿಗೆಗೆ ಗೇಣು ನಡೆಯುವ ಹುಳು ಈಜುವ ಮೀನನ್ನು ಹಿಡಿಯುತ್ತದೆಂದು ಯಾರಿಗೆ ಹೊಳೆಯುತ್ತದೆ?

ಈ ದಿನ ಬೆಳಿಗ್ಗೆ ತಿಂಡಿಯಾದ ಮೇಲೆ, ಸುಮಾರು ಒಂಬತ್ತೂವರೆಗೆ, ಅಳಿಯ ಅಂಗಿ ತೋಳು ಮಡಿಸಿ ತೊಟ್ಟಿಗೆ ಕೈ ಹಾಕಿ ಒಂದೊಂದೇ ಕಲ್ಲು ಎತ್ತಿ ಹುಡುಕಿದರು. ಬೇರೆ ಏಡಿ ಅವಿತಿರಬಹುದು ಎಂಬುದು ಅವರ ಎಣಿಕೆ. ಏಡಿ ಸಿಗಲಿಲ್ಲ. ಕಲ್ಲಿನ ಅಡಿ ಆ ಹುಳು ಸಿಕ್ಕಿತು. "ನೋಡು ಮರಿ, ನಿನ್ನ ಶಂಖ ಇಲ್ಲಿ ಬಚ್ಚಿಟ್ಕೊಂಡಿದೆ" ಎಂದು ಮಗುವಿಗೆ ತೋರಿಸಲು ಅಂಗೈಯಲ್ಲಿ ಇಟ್ಟುಕೊಂಡರು. ಕೂಡಲೇ ಕೈ ಒದರಿ, ಇರುವೆ ಕಚ್ಚಿದ ಹಾಗಾಯಿತು ಅಂದರು. ರಕ್ತ ಬರಲಿಲ್ಲ, ನೋವೂ ಇರಲಿಲ್ಲ. ಹುಳುವನ್ನು ಸ್ಟೂಲಿನ ಮೇಲಿದ್ದ ಒದ್ದೆ ಬಟ್ಟೆಯ ಮೇಲಿಟ್ಟು ಮತ್ತೆ ಕಲ್ಲು ಜೋಡಿಸತೊಡಗಿದರು.

ಕಾಲು ಗಂಟೆಯಾಗಿರಬಹುದು. ತುಟಿ ಜುಮ್ಮೆನ್ನುತ್ತದೆ ಅಂದರು. ನನ್ನ ಮಗಳು ಉಮಾಶ್ರೀ ಬೀಪಿ ಇರಬಹುದೆಂದು ನಿಂಬೆ ಹಣ್ಣಿನ ಪಾನಕ ಮಾಡಿ ತಂದಳು. ಪಾನಕ ಬಾಯಿಂದ ಹೊರಗೆ ಇಳಿಯಿತು. ಕಣ್ಣು ರೆಪ್ಪೆ ತಾನಾಗಿ ಇಳಿಬಿತ್ತು. ಮಗುವನ್ನು ಕರೆದರು. ಅನಘಾ ಅನ್ನಲು ಹೋದರು, ಬಾಯಿಂದ ಬಂದದ್ದು ಬರೀ ಆ, ಆ. ಆಗಲೇ ಅದು ಬೀಪಿ ಅಲ್ಲ ಎಂದು ನನಗೆ ಗೊತ್ತಾಯಿತು, ಏನು ಎಂದು ಗೊತ್ತಾಗಲಿಲ್ಲ.

ಮಹಡಿ ಮೇಲೆ ಬಾಡಿಗೆಗಿರುವ ಅಮರೇಶ, ರಾಯಚೂರಿನ ಕಡೆಯವನು, ಆಟೋ ಓಡಿಸುತ್ತಾನೆ. ಕೂಗಿದ ಕೂಡಲೇ ಇಳಿದು ಬಂದು ಅಳಿಯನನ್ನು ಎತ್ತಿ ಆಟೋದಲ್ಲಿ ಕೂರಿಸಿದ. ಮಗುವನ್ನು ಅವನ ಹೆಂಡತಿ ಅಕ್ಕವ್ವನ ಹತ್ತಿರ ಬಿಟ್ಟು ನಾನೂ ಉಮಾಶ್ರೀಯೂ ಎರಡೂ ಕಡೆ ಹಿಡಿದುಕೊಂಡು ಕೂತೆವು. "ಹೆದರಬ್ಯಾಡ್ರಿ ಅವ್ವಾರ, ಈಗ ಮುಟ್ಟಿಸ್ತೀನಿ" ಎನ್ನುತ್ತಾ ಅಮರೇಶ ಎಲ್ಲಾ ಸಿಗ್ನಲ್ ಹಾರಿಸಿದ. ಅದಕ್ಕೆ ಅವನ ಮೇಲೆ ಕೇಸು ಹಾಕಬಾರದು. ದಾರಿಯಲ್ಲಿ ಅಳಿಯನ ತಲೆ ನನ್ನ ಹೆಗಲ ಮೇಲೆ ಬಿತ್ತು. ಉಸಿರು ಇದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳು ಹಿಡಿದುಕೊಂಡೇ ಹೋದೆ.

ಆಸ್ಪತ್ರೆಯಲ್ಲಿ ಮೂಗು ಬಾಯಿಗೆ ಚೀಲ ಇಟ್ಟು ಒತ್ತಿದರು, ಆಮೇಲೆ ಗಂಟಲಿಗೆ ಕೊಳವೆ ಹಾಕಿದರು. ಹಾವು ಕಚ್ಚಿದೆಯಾ, ಏನಾದರೂ ಕುಡಿದಿದ್ದಾರಾ, ಮನೆಯಲ್ಲಿ ಜಗಳವಾ ಎಂದು ಡಾಕ್ಟರಮ್ಮ ಕೇಳಿದರು. ಜಗಳ ಇಲ್ಲ, ಅತ್ತೆ ನಾನೇ ಇರುವಾಗ ಬೇರೆ ವಿಷ ಯಾಕೆ ಬೇಕು ಎಂದೆ. ಹೆದರಿಕೆಯಾದಾಗ ನನ್ನ ನಾಲಿಗೆ ಹೀಗೇ. ಆಮೇಲೆ ಹುಳುವಿನ ವಿಷಯ ಹೇಳಿದೆ. ಡಾಕ್ಟರಮ್ಮ ನಗಲಿಲ್ಲ. ಕಂಪ್ಯೂಟರಿನಲ್ಲಿ ಹುಡುಕಿ ಒಂದು ಚಿತ್ರ ತೋರಿಸಿದರು. ಅದೇ ಬಲೆ, ಅದೇ ಬಣ್ಣ. ಇದು ಮೀನು ತಿನ್ನುವ ಹುಳು, ಸೂಜಿಯಂಥ ಹಲ್ಲಿನಿಂದ ವಿಷ ಚುಚ್ಚಿ ಬೇಟೆಯಾಡುತ್ತದೆ, ಮನುಷ್ಯರ ಉಸಿರೂ ನಿಲ್ಲುತ್ತದೆ, ಇದಕ್ಕೆ ಔಷಧಿ ಇಲ್ಲ, ವಿಷ ಇಳಿಯುವ ತನಕ ಯಂತ್ರ ಉಸಿರಾಡಿಸಬೇಕು ಎಂದರು. ಹುಳು ಈಗ ಎಲ್ಲಿದೆ ಎಂದು ಕೇಳಿದರು.

ಸ್ಟೂಲಿನ ಮೇಲೆ ಅಂದೆ. ಅಂದ ಮೇಲೆ ಸ್ಟೂಲಿನ ಎತ್ತರ ನೆನಪಿಗೆ ಬಂತು. ಅದು ಮಗುವಿನ ಎದೆಯ ಮಟ್ಟಕ್ಕಿದೆ.

ಮನೆಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಉಮಾಶ್ರೀಯನ್ನು ಆಸ್ಪತ್ರೆಯಲ್ಲೇ ಬಿಟ್ಟು ಅಮರೇಶನ ಆಟೋದಲ್ಲೇ ವಾಪಸು ಬಂದೆ. ಅಕ್ಕವ್ವ ಹಿತ್ತಲಲ್ಲಿ ಪಾನಕ ಚೆಲ್ಲಿದ ಬಟ್ಟೆ ಒಗೆಯುತ್ತಿದ್ದಳು. ಮಗು ಎಲ್ಲಿ ಅಂದರೆ, "ಒಳಗ ದೇವರ ಆಟ ಆಡಾಕತ್ತಾಳ್ರಿ" ಅಂದಳು. ಸ್ಟೂಲು ಖಾಲಿ ಇತ್ತು.

ಅನಘಾ ದೇವರ ಜಗಲಿಯ ಮುಂದೆ ಕೂತಿದ್ದಳು. ಆ ಹುಳುವನ್ನು ನೀರು ತುಂಬಿದ ಪೂಜೆ ಬಟ್ಟಲಲ್ಲಿ ದೇವರ ಮುಂದೆ ಇಟ್ಟು, ಅದರ ಬೆನ್ನಿಗೆ ಮೂರು ಬೆರಳಿನಿಂದ ವಿಭೂತಿ ಹಚ್ಚಿದ್ದಳು. ಬಗ್ಗಿ ಅದರ ಹತ್ತಿರ ಮುಖ ತಂದು ನೋಡುತ್ತಿದ್ದಳು.

"ಅಜ್ಜಿ, ಶಂಖ ನಾಲ್ಗೆ ಆಚೆ ಹಾಕ್ತಾ ಐತೆ ನೋಡು" ಅಂದಳು.

ಕೆಂಪಗೆ, ಎರೆಹುಳುವಿನಂಥದ್ದು ಚೂಪು ತುದಿಯಿಂದ ಹೊರಗೆ ಬಂದು ಅತ್ತಿತ್ತ ತಡಕುತ್ತಿತ್ತು. ಮಗುವಿನ ಮೂಗಿಗೂ ಅದಕ್ಕೂ ನಡುವೆ ಒಂದು ಗೇಣೂ ಇರಲಿಲ್ಲ. ನಾನು ಕಿರುಚಿದರೆ ಅವಳು ಗಾಬರಿಯಾಗಿ ಅದನ್ನು ಕಸಿದುಕೊಂಡು ಎದೆಗೆ ಅವುಚಿಕೊಳ್ಳುತ್ತಾಳೆ, ಅವಳ ಬುದ್ಧಿ ನನಗೆ ಗೊತ್ತು. "ಪೂಜೆ ಚೆನ್ನಾಗಿ ಮಾಡಿದೀಯ ಕಣೇ. ವಿಭೂತಿ ಆದ್ಮೇಲೆ ಮುಟ್ಟಬಾರ್ದು. ನೈವೇದ್ಯಕ್ಕೆ ಸಕ್ಕರೆ ಮರೆತಿದೀಯಲ್ಲ, ಹೋಗಿ ತಗೊಂಡು ಬಾ" ಎಂದೆ. ಬಾಯಿಗೆ ಅಷ್ಟು ಮೆತ್ತಗಿನ ಮಾತು ಎಲ್ಲಿಂದ ಬಂತೋ ತಿಳಿಯದು. ಅವಳು ಎದ್ದು ಅಡುಗೆಮನೆಗೆ ಹೋದಳು. ನಾನು ಅವಳ ಹಿಂದೆಯೇ ಹೋಗಿ, ಸಕ್ಕರೆ ಡಬ್ಬಿ ಕೈಗೆ ಕೊಟ್ಟು, ಇಕ್ಕಳ ತೆಗೆದುಕೊಂಡು ಅಡುಗೆಮನೆಯ ಬಾಗಿಲ ಚಿಲಕ ಹೊರಗಿನಿಂದ ಹಾಕಿದೆ. ಬಿಸಿ ಪಾತ್ರೆ ಇಳಿಸುವ ಆ ಇಕ್ಕಳದಿಂದ ಹುಳುವನ್ನು ಅಗಲದ ಕಡೆಯಿಂದ ಹಿಡಿದು ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳದ ಮೇಲೆ ಸೀರೆ ಅಂಚಿನ ಪಟ್ಟಿ ಬಿಗಿದೆ. ಆಮೇಲೆ ಚಿಲಕ ತೆಗೆದು ಮಗುವಿನ ಹತ್ತೂ ಬೆರಳು ನೋಡಿದೆ, ಹೆಸರು ಹೇಳಿಸಿದೆ, ಅವರಪ್ಪನ ಹೆಸರು ಹೇಳಿಸಿದೆ. ಅಕ್ಷರ ತೊದಲಲಿಲ್ಲ.

ಆಮೇಲೆ ವೆಂಕಟಗಿರಿಗೆ ಬಯ್ಯಲೆಂದೇ ಫೋನು ಮಾಡಿದೆ. ಬಯ್ದು ಮುಗಿಸುವ ಮೊದಲೇ ಅವನು, "ಅಮ್ಮಾ, ಇನ್ನೊಂದನ್ನ ಕೆಂಗೇರಿ ಸಿದ್ದಬಸಪ್ಪ ಸಾರ್ ತಗೊಂಡು ಹೋದ್ರು" ಅಂದು ಅಳತೊಡಗಿದ. ಅವರಿಗೂ ನಮ್ಮ ಅಳಿಯನಂತೆ ಉಪ್ಪು ನೀರಿನ ತೊಟ್ಟಿ ಇದೆ, ಅಂಗಡಿಗೆ ಅವರೇ ಬರುತ್ತಿದ್ದರು, ಮನೆ ನೋಡಿಲ್ಲ ಅಂದ. ಅವನನ್ನು ಠಾಣೆಗೆ ಬರಹೇಳಿ, ಮಗುವನ್ನು ಅಕ್ಕವ್ವನ ಸೊಂಟಕ್ಕೆ ಏರಿಸಿ, ಡಬ್ಬಿ ಹಿಡಿದುಕೊಂಡು ಇಲ್ಲಿಗೆ ಬಂದೆ. ಡಬ್ಬಿ ಗುರುಸಿದ್ದಯ್ಯನವರ ಮೇಜಿನ ಮೇಲಿದೆ. ಕಾನ್‌ಸ್ಟೇಬಲ್ ಒಬ್ಬರು ತೆಗೆದು ನೋಡಲಾ ಎಂದು ಎರಡು ಸಲ ಕೇಳಿದ್ದಾರೆ. ಅವರಿಗೆ ಮದುವೆಯಾಗಿದೆಯಾ ಎಂದು ನಾನು ಕೇಳಿದ್ದೇನೆ.

ಇಷ್ಟು ಬರೆಸುವಾಗ ವೆಂಕಟಗಿರಿ, ಎತ್ತಿದರು ಎಂದು ಕೂಗಿದ. ಎತ್ತಿದವರು ಸಿದ್ದಬಸಪ್ಪನವರ ಹೆಂಡತಿ ಶಿವಕ್ಕ. ಯಜಮಾನರು ತೊಟ್ಟಿ ತೊಳೆಯುತ್ತಿದ್ದಾರೆ, ಕೈ ನೀರಲ್ಲಿದೆ, ಆಮೇಲೆ ಮಾಡಿ ಎಂದು ಹೇಳಿ ಇಟ್ಟುಬಿಟ್ಟರು. ಇಂದು ಭಾನುವಾರ, ಎಲ್ಲರೂ ತೊಳೆಯುವುದು ಇವತ್ತೇ. ನಾನು ಅವನಿಂದ ಮತ್ತೆ ನಂಬರು ಒತ್ತಿಸಿ ಫೋನು ಕಸಿದುಕೊಂಡೆ.

"ಪೊಲೀಸ್ ಸ್ಟೇಷನ್ನಿಂದ ಮಾತಾಡ್ತಾ ಇದೀನಿ. ನಿಮ್ಮ ಯಜಮಾನ್ರ ಕೈ ನೀರಿಂದ ಈಚೆ ತೆಗೆಸಿ, ಈಗ್ಲೇ" ಎಂದೆ. ನಾನು ಪೊಲೀಸ್ ಎಂದು ಹೇಳಿಲ್ಲ, ಸ್ಟೇಷನ್ನಿಂದ ಎಂದೆ, ಗುರುಸಿದ್ದಯ್ಯನವರು ಸಾಕ್ಷಿ. ಆಯಮ್ಮ ಕೂಗಿದ್ದು ಕೇಳಿಸಿತು. ತೆಗೆದರು ಅಂದರು. ಕೈಯಲ್ಲಿ ಏನಿದೆ ಎಂದು ಕೇಳಿದೆ.

"ಅದೇನೋ ಬಲೆಬಲೆ ಚಿಪ್ಪು ಹಿಡ್ಕೊಂಡವ್ರೆ" ಅಂದರು.

"ಬಿಡಿ ಅನ್ನಿ. ಬಿಟ್ಟುಬಿಡಿ ಅನ್ನಿ" ಎಂದೆ. ಕಲ್ಲಿನ ನೆಲದ ಮೇಲೆ ಏನೋ ಬಿದ್ದ ಸದ್ದಾಯಿತು. ಯಾರೂ ಮುಟ್ಟಬೇಡಿ, ಮೇಲೆ ಪಾತ್ರೆ ಕವುಚಿ, ಅವರಿಗೆ ಫೋನು ಕೊಡಿ, ಮಾತಾಡಿಸಿ ಎಂದೆ. ಆಮೇಲೆ ಸಿದ್ದಬಸಪ್ಪನವರು ಬಂದು, "ಯಾವಳೇ ಅವಳು, ಭಾನುವಾರ ಕೂಡ ಮನೆಮಂದಿ ಪ್ರಾಣ ತೆಗೀತಿರೋಳು, ಬುದ್ಧಿ ಗಿದ್ಧಿ ಇದೆಯಾ ನಿನಗೆ?" ಎಂದು ಬಯ್ದರು. ಕೈಗೆ ಏನಾದರೂ ಚುಚ್ಚಿತಾ ಎಂದು ಕೇಳಿದೆ. ಇಲ್ಲ ಎಂದು ಹೇಳಿ ಮತ್ತೆ ಬಯ್ದರು. ನಾನು ಕಣ್ಣು ಮುಚ್ಚಿಕೊಂಡು ಒಂದೊಂದು ಅಕ್ಷರವನ್ನೂ ಕೇಳಿದೆ. ಯಾವುದೂ ತೊದಲಲಿಲ್ಲ. ಇನ್ನೂ ಬಯ್ಯಿರಿ ಅಪ್ಪಾ, ಕಾಲು ಗಂಟೆ ಬಯ್ಯುತ್ತಲೇ ಇರಿ ಎಂದೆ. ಗುರುಸಿದ್ದಯ್ಯನವರು ಫೋನು ತೆಗೆದುಕೊಂಡು ಮನೆ ವಿಳಾಸ ಬರೆದುಕೊಂಡರು. ಕೆಂಗೇರಿ ಠಾಣೆಯಿಂದ ಜನ ಹೋಗಿದ್ದಾರೆ, ಅವರನ್ನೂ ಆಸ್ಪತ್ರೆಗೆ ತೋರಿಸುತ್ತಾರೆ ಎಂದು ತಿಳಿಸಿದರು.

ವೆಂಕಟಗಿರಿ ಬೇಕೆಂದು ಮಾಡಿದ್ದಲ್ಲ. ಉಳಿದ ಬಕೆಟ್ಟನ್ನು ಸೀಲ್ ಮಾಡಿ ಅವನನ್ನು ಮನೆಗೆ ಕಳಿಸಿ. ಡಬ್ಬಿ ನನಗೆ ವಾಪಸು ಬೇಡ.

ಬರೆದದ್ದನ್ನು ಗುರುಸಿದ್ದಯ್ಯನವರು ಗಟ್ಟಿಯಾಗಿ ಓದಿದರು, ಕೇಳಿದೆ. ಎಲ್ಲಾ ನಾನು ಕಂಡದ್ದೇ, ನಾನು ಆಡಿದ ಮಾತೇ. ಇನ್ನೂ ಏನಾದರೂ ಹೇಳುವುದಿದೆಯಾ ಎಂದು ಕೇಳಿದರು. ಇಲ್ಲ. ನಾನು ಆಸ್ಪತ್ರೆಗೆ ಹೋಗಬೇಕು. ನನ್ನ ಅಳಿಯ ಈ ಹನ್ನೊಂದು ವರ್ಷದಲ್ಲಿ ನನ್ನನ್ನು ಒಂದು ಸಲವೂ ಬಯ್ದಿಲ್ಲ. ಸೋಮವಾರ ಆ ಸೀಗಡಿ ಪೊಟ್ಟಣ ಹೊರಗೆ ಕಳಿಸಿದವಳು ನಾನೇ. ಗಂಟಲ ಕೊಳವೆ ತೆಗೆಯುವಾಗ ನಾನು ಎದುರಿಗೆ ಇರಬೇಕು, ಅವರು ಏನು ಬಯ್ದರೂ ಕೇಳಿಸಿಕೊಳ್ಳಬೇಕು.

ಸ್ಥಳ: ಬಸವೇಶ್ವರನಗರ
ದಿನಾಂಕ: 18-11-2007, ಮಧ್ಯಾಹ್ನ

ಸಹಿ: ದಾನಮ್ಮ