ಹನ್ನೆರಡು ಕಡೆ "ಇಲ್ಲ"

...ಅಯ್ಯೋ, ನೆಲದ ಮೇಲೆ ಯಾಕೆ ಕೂತ್ಕಂತೀಯಾ ದ್ಯಾಮಕ್ಕ? ಏಳು, ಏಳು. ಕುರ್ಚಿ ಐತಲ್ಲ! ಈಗ ನೀನು ಬರೀ ದ್ಯಾಮಮ್ಮ ಅಲ್ಲ ಮಾರಾಯ್ತಿ, ಹರೀಶನ ತಾಯಿ! ನಿನ್ನ ನೆಲದ ಮೇಲೆ ಕೂರಿಸಿದೆ ಅಂತ ಗೊತ್ತಾದ್ರೆ ಸೊರಬದ ಜನ ಈ ಏಜೆಂಟ್ ಮಲ್ಲೇಶಪ್ಪನ ಮುಖಕ್ಕೆ ಉಗೀತಾರೆ. ಹಾಂ... ಹಂಗೆ. ಆ ಚೀಲ ಕೆಳಗಿಡು. ಬೇಡ್ವಾ? ಸರಿ, ಮಡಿಲಲ್ಲೇ ಇಟ್ಕ.

ಕೇಳಿಸ್ತಾ ಐತಾ ಗೋಡೆ ಆಚೆ ಗಲಾಟೆ? ಜಯಪ್ಪನ ಹೋಟ್ಲು. ಮಂಗಳವಾರದಿಂದ ಇವತ್ತಿಗೆ ಮೂರು ದಿನ ಆಯ್ತು, ಅವರ ಬಾಯಲ್ಲಿ ಬೇರೆ ಮಾತಿಲ್ಲ. "ಹರೀಶ ಎರಡೇ ಏಟಿಗೆ ಮಲಗಿಸಿದ!" ಅಂತಾನೆ ಒಬ್ಬ. "ಎರಡಲ್ಲಲೇ, ಮೂರು!" ಅಂತಾನೆ ಇನ್ನೊಬ್ಬ. ಅಲ್ಲಾ, ಕುರಿಹಟ್ಟಿಯ ಗೂಟ ಕಿತ್ಕಂಡು ಬಂದಿದ್ನಂತಲ್ಲ ನಿನ್ನ ಮಗ! ಹಾಡಹಗಲು, ಬಸ್‌ಸ್ಟ್ಯಾಂಡಿನಾಗೆ, ಅಷ್ಟು ಜನರ ಎದುರಿಗೆ! ಇನ್ಶೂರೆನ್ಸ್ ಕಂಪ್ನಿ ಇನ್ಸ್‌ಪೆಕ್ಟರ್ ರೇಣುಕಾಪ್ರಸಾದು ಬಸ್ಸಿಂದ ಇಳಿದು ಇನ್ನೂ ಸರಿಯಾಗಿ ಕಾಲೂರಿರಲಿಲ್ಲ. ಆಟೋದವರು ಶಿಳ್ಳೆ ಹೊಡೆದ್ರು ಗೊತ್ತಾ? ಶಿಳ್ಳೆ!

ಜಯಪ್ಪ ಅವತ್ತು ಬಂದೋರಿಗೆಲ್ಲ ಪುಕ್ಕಟೆ ಚಾ ಕೊಟ್ಟ. ಜಯಪ್ಪ! ಚಾಕ್ಕೆ ಸಕ್ಕರೆ ಹಾಕೋಕೆ ಕೈ ನಡುಗೋ ಮನುಷ್ಯ! ಯಾಕೆ ಹೇಳು? ಅವನ ಅತ್ತೆ ಆಪರೇಷನ್ನಿಗೆ ಇದೇ ಕಂಪ್ನಿಯೋರು ದುಡ್ಡು ಕೊಡೋಕಾಗಲ್ಲ ಅಂದಿದ್ರು. ಮಾರಪ್ಪ ಮೇಷ್ಟ್ರು ಮಾತ್ರ "ಹೊಡೆದಾಟ ತಪ್ಪು" ಅಂತ ಶುರು ಮಾಡಿದ್ರು. ಎರಡು ಗುಟುಕು ಕುಡಿದ್ರು. "ಆದ್ರೂ ನಮ್ಮ ತಾಯಿಗೂ ಹಿಂಗೇ ಮಾಡಿದ್ರು ನೋಡಿ" ಅಂದ್ರು. ಆಮೇಲೆ ತಪ್ಪು ಅನ್ನೋ ಮಾತು ಎಲ್ಲಿ ಹೋಯ್ತೋ! ಠಾಣೆಯ ಪೇದೆನೇ ನಿನ್ನ ಮಗನಿಗೆ ಬನ್ನು ತಂದುಕೊಟ್ಟು, "ಯಾವ ಕೈಯಲ್ಲಿ ಹೊಡೆದೆಯೋ ತಮ್ಮ" ಅಂತ ಕೇಳಿದ್ನಂತೆ. ಆ ಇನ್ಸ್‌ಪೆಕ್ಟರ್‌ನ ಹೆಂಡ್ತಿ ಗಂಗಾಶ್ರೀ ಅನ್ನೋಳು ಶಿಕಾರಿಪುರದಿಂದ ಓಡಿ ಬಂದ್ಲಲ್ಲ, ಬಸ್‌ಸ್ಟ್ಯಾಂಡಿನಾಗೆ ಒಬ್ರೂ ಅವಳಿಗೆ ಒಂದು ಲೋಟ ನೀರು ಕೊಡ್ಲಿಲ್ಲ. ಊರು ಅಂದ್ರೆ ಊರು!

ನಾನಾ? ನಾನೇನಂದೆ ಅಂತನಾ? ಎಲ್ಲರೂ ನನ್ನ ಮುಖ ನೋಡಿದ್ರು ದ್ಯಾಮಕ್ಕ. ಕಂಪ್ನಿ ಏಜೆಂಟಲ್ವಾ ನಾನು. ಎದ್ದು ನಿಂತೆ. "ಒಬ್ಬನಿಗೆ ಸರಿಯಾಗಿ ಬಿದ್ರೆ ಹತ್ತು ಜನಕ್ಕೆ ಬುದ್ಧಿ ಬರ್ತದೆ" ಅಂದೆ. ಹೋಟ್ಲು ಪೂರ್ತಿ ಚಪ್ಪಾಳೆ! ಜಯಪ್ಪ ಬಂದು ತಬ್ಕಂಡ.

ನಗು ಬರಲ್ವಾ ನಿಂಗೆ?... ಸರಿ, ಸರಿ, ನಂದೇ ತಪ್ಪು. ಮಗ ಲಾಕಪ್ಪಿನಲ್ಲಿದ್ದಾಗ ಯಾವ ತಾಯಿ ನಗ್ತಾಳೆ.

ಹೆದರಬೇಡ. ಅದಕ್ಕೇ ತಾನೆ ನಾನಿರೋದು! ಮಹೇಶ್ವರಪ್ಪ ವಕೀಲರ ಹತ್ರ ಮಾತಾಡೀನಿ. ಏನಂದ್ರು ಗೊತ್ತಾ? "ಆ ರೇಣುಕಾಪ್ರಸಾದು ಬದುಕಿ ಉಳಿದ್ರೆ ಸಾಕು, ಹುಡುಗನ್ನ ಆಚೆ ತರೋದು ನನಗೆ ಬಿಡಿ" ಅಂದ್ರು. ಬದುಕಿ ಉಳಿದ್ರೆ ಸಾಕು. ಶಿವಮೊಗ್ಗ ಆಸ್ಪತ್ರೆಯಲ್ಲಿ ಇನ್ನೂ ಎಚ್ಚರ ಆಗಿಲ್ಲ ಅಷ್ಟೇ. ಆಗ್ತದೆ. ಗಟ್ಟಿ ಆಸಾಮಿ ಅವನು. ಆದ್ರೆ ವಕೀಲರು ಒಂದು ಕೇಳಿದ್ರು... ಆ ಲಕೋಟೆ. ಹೋದ ಶುಕ್ರವಾರ ನೀನು ಇಲ್ಲಿಗೆ ತಂದಿದ್ಯಲ್ಲ, ಕಂಪ್ನಿ ಲಕೋಟೆ. ಅದು ಐತಾ? ಚೀಲದಾಗೆ ಐತಾ?

ತಾಳು, ಫೋನು.

ಹಲೋ!... ಹೂಂ, ಮಲ್ಲೇಶಪ್ಪನೇ... ಹೇಳ್ರೀ... ಯಾವಾಗ?... ಎರಡೂವರೆಗಾ... ಹೂಂ... ಹೂಂ... ಇಲ್ಲ ಇಲ್ಲ, ನಾನು ಯಾರಿಗೂ... ಇಡ್ತೀನಿ ರೀ.

ಏನಿಲ್ಲ. ಆನವಟ್ಟಿಯೋರು. ಪಾಲಿಸಿ ವಿಚಾರ. ಬೆವರಾ? ಸೆಖೆ ಅಲ್ವಾ ಮಾರಾಯ್ತಿ, ಈ ತಗಡಿನ ಮಾಡು ಬೇರೆ. ಎಲ್ಲಿಗೆ ಬಂದಿದ್ದೆ?... ಉಜ್ಜಪ್ಪ. ಹೂಂ, ಉಜ್ಜಪ್ಪ. ಎಂಥ ಗಂಡ ನಿಂಗೆ! ನೀನು ಕೂತಿರೋ ಕುರ್ಚಿ ಮೇಲೆ ಹಾಸಿರೋದು ಅವನೇ ಕೊಟ್ಟ ಕಂಬಳಿ. ನಾಲ್ಕು ವರ್ಷದ ಕೆಳಗೆ ಕ್ಯಾಸನೂರಿಗೆ ನಿಮ್ಮ ಮನೆಗೆ ಬಂದು ಪಾಲಿಸಿ ಮಾಡಿಸಿದ್ನಲ್ಲ, ಅವತ್ತು ಹೊರಡುವಾಗ ಹೆಗಲಿಗೆ ಹಾಕಿ ಕಳಿಸಿದ್ದ. ಅಂಥೋನು ಹೊಟ್ಟೆಹುಣ್ಣು ಒಡೆದು ದೊಡ್ಡಾಸ್ಪತ್ರೆ ಸೇರಿದಾಗ ಕಂಪ್ನಿಯೋರು ಏನಂದ್ರು? "ಇವರಿಗೆ ಮೊದಲೇ ಮಂಗನ ಕಾಯಿಲೆ ಬಂದಿತ್ತು, ಫಾರ್ಮಿನಲ್ಲಿ ಮುಚ್ಚಿಟ್ಟಿದ್ದಾರೆ, ಕ್ಲೇಮು ಕೊಡಲ್ಲ." ಥೂ! ಮಂಗನ ಕಾಯಿಲೆಗೂ ಹೊಟ್ಟೆಹುಣ್ಣಿಗೂ ಎಲ್ಲಿಂದೆಲ್ಲಿಗೆ! ಕ್ಯಾಸನೂರಿನಾಗೆ ಆ ಜ್ವರ ನೋಡದಿರೋ ಮನೆ ಐತಾ? ಅರ್ಧ ಚಿಕಿತ್ಸೆಗೆ ಮನೆಗೆ ಕರ್ಕಂಡು ಬಂದ್ರಿ. ಇಪ್ಪತ್ತು ದಿನ... ಅಷ್ಟೇ.

ಅಳಬೇಡ. ಅಳ್ತಿಲ್ವಾ? ನಾನು ಅಂದ್ಕಂಡೆ...

ಆಮೇಲೆ ಆ ರೇಣುಕಾಪ್ರಸಾದು ಬರೆದ ಪತ್ರ ಬಂತು. ನಾನೇ ಓದಿ ಹೇಳ್ದೆ. "ನಿಮ್ಮ ಕ್ಲೇಮು ಕಾಯಂ ವಜಾ ಆಗಿದೆ. ಇನ್ನು ಕಚೇರಿಗೆ ಅಲೆಯಬೇಡಿ." ಎರಡೇ ಸಾಲು. ಹರೀಶ ಆ ಬಾಗಿಲ ಚೌಕಟ್ಟಿಗೆ ಗುದ್ದಿದ, ಗುರುತು ನೋಡು, ಹೆಂಗೆ ಸೀಳೈತೆ. ನಂಗೂ ಹೊಟ್ಟೆ ಉರೀತು ದ್ಯಾಮಕ್ಕ. ಅಲ್ಲಾ, ಆ ಮನುಷ್ಯನಿಗಾದ್ರೂ ಬುದ್ಧಿ ಬೇಡ್ವಾ? ಮಂಗಳವಾರ ಹನ್ನೊಂದೂವರೆ ಬಸ್ಸಿಗೆ ಬರ್ತೀನಿ ಅಂತ ಪತ್ರದಾಗೆ ಯಾರಾದ್ರೂ ಬರೀತಾರಾ? ಬರೀದೇ ಇದ್ದಿದ್ರೆ ಇವತ್ತು ಅವನೂ ನೆಟ್ಟಗಿರ್ತಿದ್ದ, ನಿನ್ನ ಮಗನೂ...

ಯಾಕೆ ಹಂಗೆ ನೋಡ್ತೀಯಾ?

ಇಲ್ಲ... ಪತ್ರದಾಗಲ್ಲ. ಪತ್ರದಾಗೆ ಎರಡೇ ಸಾಲು, ಹೇಳಿದ್ನಲ್ಲ. ಬಸ್ಸಿನ ವಿಚಾರ ಬೇರೆ ಯಾರೋ ಹೇಳಿದ್ರು. ಕಂಡಕ್ಟರ್ ಇರಬೇಕು. ಹೂಂ, ಕಂಡಕ್ಟರೇ. ನಾನು ಹರೀಶನಿಗೆ ಯಾಕೆ ಹೇಳ್ಲಿ? ಏನು, ಹರೀಶ ಹಂಗಂದ್ನಾ? ಠಾಣೆಗೆ ಹೋಗಿದ್ಯಾ ನೀನು? ಮಾತಾಡೋಕೆ ಬಿಟ್ರಾ?... ಹುಡುಗ ಅವನು, ಹೆದರಿದಾನೆ, ಏನೋ ಬಾಯಿಗೆ ಬಂದಿದ್ದು ಅಂದಿರ್ತಾನೆ. ಅದು ಬಿಡು ದ್ಯಾಮಕ್ಕ, ಆ ಲಕೋಟೆ ಎಲ್ಲಿ?

ಹಾಂ! ತಂದೀಯಾ! ಚೀಲದಾಗೇ ಇತ್ತಾ! ಜಾಣೆ. ಕೊಡು ಇಲ್ಲಿ, ವಕೀಲರಿಗೆ... ಕೊಡು ಅಂದ್ನಲ್ಲ!

...ಆಯ್ತು. ನೋಡು, ಹರಿದು ಹಾಕ್ದೆ. ಇನ್ನು ಯಾವ ತಾಪತ್ರಯನೂ ಇಲ್ಲ. ಕೋರ್ಟಿಗೆ ಇಂಥವು ಸಿಗಬಾರದು, ನಿನ್ನ ಮಗನಿಗೇ ತೊಂದ್ರೆ. ನಿನ್ನ ಮಗನಿಗೋಸ್ಕರವೇ ಹರಿದಿದ್ದು, ತಿಳೀತಾ? ಕಿಟಕಿಯಿಂದಾಚೆ ಎಸೆದು...

ನೀನ್ಯಾಕೆ ಅಲುಗಾಡ್ಲಿಲ್ಲ?

ಕೈ ಹಿಡಿಯೋಕೂ ಬರಲಿಲ್ಲ. ಕೂಗಲೂ ಇಲ್ಲ... ತಾಳು. ಶಾಯಿ ನೀಲಿ ಇತ್ತು. ನೀಲಿ ಶಾಯಿಯಲ್ಲಿ ಕೈಬರಹ. ಇದು ಕಪ್ಪು... ಅಂಚಿನಾಗೆ ಕಪ್ಪು ಗೆರೆ... ಜೆರಾಕ್ಸು! ಜೆರಾಕ್ಸು ಇದು! ಅಸಲಿ ಎಲ್ಲಿ? ಏ ದ್ಯಾಮಕ್ಕ, ಅಸಲಿ ಎಲ್ಲಿ? ಅಕ್ಷರ ಗೊತ್ತಿಲ್ಲದೋಳು ನೀನು, ಜೆರಾಕ್ಸು ಮಾಡಿಸೋ ಬುದ್ಧಿ ಯಾರು ಕೊಟ್ರು?... ಸಂಗೀತ. ಮಗಳು ಬಂದಾಳಾ? ಶಿಕಾರಿಪುರದ ಹಾಸ್ಟೆಲಿಂದ ಬಂದಾಳಾ?

ಓದಿದ್ಲಾ?

ಕೂತ್ಕಳಿ. ಏಳಬೇಡಿ ಅಮ್ಮಾ, ಕೂತ್ಕಳಿ. ಒಂದು ಮಾತು ಹೇಳ್ತೀನಿ, ನನ್ನ ಮಾತೂ ಕೇಳಬೇಕಲ್ವಾ ನೀವು? ಕೇಳಿ. ಆ ಫಾರ್ಮಿನಲ್ಲಿ ಹನ್ನೆರಡು ಪ್ರಶ್ನೆ. ಕ್ಷಯ ಇತ್ತಾ, ಸಕ್ಕರೆ ಕಾಯಿಲೆ ಇತ್ತಾ, ದೊಡ್ಡ ಜ್ವರ ಏನಾದ್ರೂ ಬಂದಿತ್ತಾ... ಯಾರು ಕೇಳ್ತಾ ಕೂರ್ತಾರೆ? ಮಧ್ಯಾಹ್ನ ಅಂಗಡಿ ಖಾಲಿ ಇರ್ತದೆ. ಊಟ ಮಾಡಿ ಕೂತು ಹತ್ತು ಫಾರ್ಮು ಎದುರಿಗಿಟ್ಕಂಡು ಒಂದೇ ಸಮ ಬರೀತೀನಿ: ಇಲ್ಲ, ಇಲ್ಲ, ಇಲ್ಲ. ಹನ್ನೆರಡು ಕಡೆ ಇಲ್ಲ. ಯಾರಾದ್ರೂ ಬಂದ್ರೆ ಹೆಸರು ತುಂಬಿ ಹೆಬ್ಬೆಟ್ಟು ಒತ್ತಿಸ್ಕಳ್ಳೋದು. ಎಲ್ಲರೂ ಹಂಗೇ ಮಾಡ್ತಾರೆ ಅಮ್ಮಾ, ನಾನೊಬ್ಬನೇ ಅಲ್ಲ! ನಿಮ್ಮ ಯಜಮಾನರು ಹೇಳಿದ್ರು. ಸುಳ್ಳು ಯಾಕೆ ಹೇಳ್ಲಿ, ಹೇಳಿದ್ರು. "ಸಾವ್ಕಾರ್ರೆ, ನಂಗೆ ಮಂಗನ ಕಾಯಿಲೆ ಆಗಿತ್ತು, ಬರ್ಕಳಿ" ಅಂತ ಎರಡು ಸಲ ಹೇಳಿದ್ರು. ನೀವೂ ಅಲ್ಲೇ ಮಜ್ಜಿಗೆ ಲೋಟ ಹಿಡ್ಕಂಡು ನಿಂತಿದ್ರಿ. "ಕಾಡಿನ ಜ್ವರ ಎಲ್ಲ ಇದಕ್ಕೆ ಬರಲ್ಲ ಬಿಡೋ" ಅಂದೆ. ಬರೆದಿದ್ದನ್ನ ಹೊಡೆದು ಹಾಕಿದ್ರೆ ಫಾರ್ಮು ಹಾಳಾಗ್ತದಲ್ವಾ...

ಅಷ್ಟೇ. ಅಷ್ಟೇ ಆಗಿದ್ದು.

ಆ ರೇಣುಕಾಪ್ರಸಾದು ಒಂದು ಕಡೆ ಕೂತು ನಂದು ನಲವತ್ತು ಫಾರ್ಮು ಒಟ್ಟಿಗೆ ತೆಗೆದು ನೋಡಿದಾನೆ. ಎಲ್ಲದ್ರಾಗೂ ಅದೇ ಪೆನ್ನು, ಅದೇ ಇಲ್ಲ. ಅವನಿಗೆ ತಿಳೀತು. ನನ್ನ ಏಜೆನ್ಸಿ ಹೋಗ್ತಿತ್ತು. ಏಜೆನ್ಸಿ ಒಂದೇನಾ? ಜಯಪ್ಪನ ಅತ್ತೆ, ಮಾರಪ್ಪ ಮೇಷ್ಟ್ರ ತಾಯಿ, ಅವರ ಫಾರ್ಮು ತುಂಬಿದ್ದೂ ನಾನೇ! ಈ ಬೀದಿಯಾಗೆ ನಾನು ಹೆಂಗೆ ತಿರುಗಾಡ್ಲಿ?

ಹರೀಶನಿಗೆ... ಹೂಂ, ಹೇಳ್ದೆ. ಸೋಮವಾರ ಸಂತೆಯಾಗೆ ಸಿಕ್ಕಿದ್ದ. "ನಿಮ್ಮಪ್ಪನ್ನ ಕೊಂದೋನು ನಾಳೆ ಹನ್ನೊಂದೂವರೆ ಬಸ್ಸಿಗೆ ಬರ್ತಾನೆ, ನೀಲಿ ರೆಕ್ಸಿನ್ ಬ್ಯಾಗು" ಅಂದೆ. ಎರಡು ಕೆನ್ನೆಗೆ ಬಾರಿಸಿ, ಅದೇ ಬಸ್ಸಿಗೆ ವಾಪಸ್ ಹತ್ತಿಸ್ತಾನೆ ಅಂದ್ಕಂಡೆ ಅಮ್ಮಾ, ದೇವರಾಣೆ. ಅಂಗಿ ಹರಿದ್ರೆ ಮತ್ತೆ ಈ ಕಡೆ ತಲೆ ಹಾಕಲ್ಲ ಅಂದ್ಕಂಡೆ. ಗೂಟ ತರ್ತಾನೆ ಅಂತ ನಂಗೇನು ಕನಸು ಬಿದ್ದಿತ್ತಾ?

ಯಾಕೆ ಗೋಡೆ ಕಡೆ ನೋಡ್ತೀರಾ?

...ಗಲಾಟೆ ನಿಂತೋಯ್ತು. ರೇಡಿಯೋನೂ ನಿಲ್ಲಿಸಿದಾರೆ. ಮೂರು ದಿನದಿಂದ ಒಂದು ಗಳಿಗೆ ಸುಮ್ಮನಿರಲಿಲ್ಲ ಆ ಹೋಟ್ಲು... ಯಾರೋ ಓದ್ತಾ ಇದಾರೆ. ಹುಡುಗಿ ಧ್ವನಿ. ಶಾಲೆಯಾಗೆ ಪಾಠ ಓದೋ ಹಂಗೆ, ಒಂದೊಂದೇ ಅಕ್ಷರ ಬಿಡಿಸಿ... ಸಂಗೀತ. ಅಸಲಿ ಅವಳ ಕೈಯಾಗೈತೆ.

"...ನಿಮ್ಮ ಯಜಮಾನರು ಕಾಯಿಲೆಯ ವಿಷಯ ಹೇಳಿದ್ದರೋ ಇಲ್ಲವೋ, ನಿಮ್ಮ ಬಾಯಿಂದಲೇ ಕೇಳಲು ಮಂಗಳವಾರ ಹನ್ನೊಂದೂವರೆ ಬಸ್ಸಿಗೆ ಬರುತ್ತೇನೆ. ಹೇಳಿದ್ದು ನಿಜವಾದರೆ ತಪ್ಪು ನಿಮ್ಮದಲ್ಲ. ಕ್ಲೇಮು ಮತ್ತೆ ತೆಗೆಸಲು ನನ್ನ ಕೈಲಾದದ್ದು ಮಾಡುತ್ತೇನೆ..." ಮುಂದಿನ ಸಾಲು ನಂಗೆ ಬಾಯಿಪಾಠ. ಮೂರು ದಿನದಿಂದ ನಿದ್ದೆ ಇಲ್ಲ ಅದರಿಂದ. "ದಯವಿಟ್ಟು ಈ ಪತ್ರವನ್ನು ಏಜೆಂಟರಿಗೆ ತೋರಿಸಬೇಡಿ."

ನೀವು ಸೀದಾ ತಂದು ನನ್ನ ಕೈಗೇ ಕೊಟ್ರಲ್ಲ ಅಮ್ಮಾ! ಕಂಪ್ನಿ ಲಕೋಟೆ ಬಂದ್ರೆ ಮಲ್ಲೇಶಪ್ಪನೇ ಓದ್ಬೇಕು ಅಂತ ನಂಬಿ ತಂದ್ರಿ. ಓದಿದ್ಮೇಲೆ ಕೈ ಚಾಚಿ ವಾಪಸ್ ಕೇಳಿದ್ರಿ, ಕೊಟ್ಟೆ. ಅವತ್ತೇ ಹರಿದು ಹಾಕ್ಬೇಕಿತ್ತು ನಾನು...

ಆ ಫೋನು... ಆನವಟ್ಟಿಯದಲ್ಲ. ಶಿವಮೊಗ್ಗದ್ದು. ರೇಣುಕಾಪ್ರಸಾದು ಎರಡೂವರೆಗೆ ತೀರಿಹೋದ್ರಂತೆ. ಇನ್ನು ಹರೀಶನ ಮೇಲೆ ಕೊಲೆ ಕೇಸೇ. ...ನಿಮಗೆ ಮೊದಲೇ ಗೊತ್ತಿತ್ತಾ? ಠಾಣೆಯಾಗೆ ಹೇಳಿದ್ರಾ? ಗೊತ್ತಿದ್ದೂ ಇಷ್ಟು ಹೊತ್ತು ನನ್ನ ಬಾಯಿ ನೋಡ್ತಾ ಕೂತಿದ್ರಾ?

ಯಾರದು? ಯಾರು ಬಾಗಿಲಲ್ಲಿ?

ಓ ಜಯಪ್ಪ! ಬಾ, ಬಾರೋ. ಮೇಷ್ಟ್ರೂ ಬಂದ್ರಾ. ಇಷ್ಟು ಜನ ಯಾಕೋ ಒಟ್ಟಿಗೆ? ದ್ಯಾಮಮ್ಮನೋರ ಹತ್ರ ಮಾತಾಡ್ತಿದ್ದೆ, ವಕೀಲರ ವಿಚಾರ... ಏನಂದೆ? ಒಬ್ಬನಿಗೆ ಸರಿಯಾಗಿ ಬಿದ್ರೆ... ಅದು ನಾನು ಅವತ್ತು ಅಂದಿದ್ದಲ್ಲೋ ಜಯಪ್ಪ, ಅದನ್ಯಾಕೆ ಈಗ ಹೇಳ್ತೀಯಾ?

ಸುಳ್ಳು. ಆ ಹುಡುಗಿಗೆ ಸರಿಯಾಗಿ ಓದೋಕೆ ಬರಲ್ಲ. ನನ್ನ ಮೇಲೆ ನಂಬಿಕೆ ಇಲ್ಲ ಅಂದ್ರೆ ಇವರನ್ನೇ ಕೇಳಿ! ತಾಯಿನೇ ಕೂತಿದಾರಲ್ಲ, ಇವರ ಬಾಯಿಂದಲೇ ಕೇಳಿ. ಅಮ್ಮಾ, ಹೇಳಿ ಇವರಿಗೆ. ಮಲ್ಲೇಶಪ್ಪ ಪತ್ರ ತಪ್ಪಾಗಿ ಓದಿದ್ನಾ ಅಂತ ಕೇಳ್ತಿದಾರೆ. ಇಲ್ಲ ಅನ್ನಿ. ನಿಮ್ಮ ಮಗನಿಗೆ ವಕೀಲರನ್ನ ನಾನಿಡ್ತೀನಿ, ಸಂಗೀತನ್ನ ನಾನು ಓದಿಸ್ತೀನಿ, ಇಲ್ಲ ಅನ್ನಿ ಸಾಕು. ಒಂದು ಸಲ. ಒಂದೇ ಒಂದು ಕಡೆ...

ಯಾಕೆ ಏಳ್ತೀರಾ? ಕಂಬಳಿ ಯಾಕೆ ಮಡಚ್ತಾ ಇದೀರಾ? ತಗೊಂಡು ಹೋಗಿ, ಕಂಬಳಿ ನಿಮ್ಮದೇ, ಆದ್ರೆ ಒಂದು ಮಾತು... ದಾರಿ ಬಿಡಬೇಡಿ ಮೇಷ್ಟ್ರೇ, ಅವರನ್ನ ಹೋಗೋಕೆ ಬಿಡಬೇಡಿ! ಅಮ್ಮಾ!... ದ್ಯಾಮಮ್ಮಾ!...

ಜಯಪ್ಪ. ಬಾಗಿಲು ಯಾಕೋ ಹಾಕ್ತಿದೀಯಾ? ಇನ್ನೂ ಬಿಸಿಲೈತಲ್ಲೋ.