ಕೊಳವೆಂದು ಬರೆದ ಫಲಕ

ನನ್ನ ಹೆಸರು ರೇಣುಕಾ, ವಯಸ್ಸು 48 ವರ್ಷ, ವಿದ್ಯಾಭ್ಯಾಸ ಎಂ.ಎ. ಕನ್ನಡ, ಕೆಲಸ ಗ್ರಂಥಾಲಯ ಮೇಲ್ವಿಚಾರಕಿ, ವಾಸ ಕಟ್ಟೆಮಳಲವಾಡಿ ಗ್ರಾಮ, ಹುಣಸೂರು ತಾಲ್ಲೂಕು, ಮೈಸೂರು ಜಿಲ್ಲೆ. ನನ್ನ ಮನೆಗೆ ಬಂದು ವಿಚಾರಿಸಿದ ಸಬ್ ಇನ್‌ಸ್ಪೆಕ್ಟರ್ ಅವರ ಮುಂದೆ ತಿಳಿಸುವುದೇನೆಂದರೆ:

ಸ್ಕೇಟ್ ಪಾರ್ಕಿನ ಫಲಕದ ಮೇಲೆ ಏನು ಬರೆದಿತ್ತು ಎಂದು ಮೊದಲು ಕೇಳಿದಿರಿ. ದೊಡ್ಡ ಅಕ್ಷರದಲ್ಲಿ ‘ಕೊಳ’ ಎಂದಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಮಕ್ಕಳೇ ಕಟ್ಟಿದ ಒಂದು ಸಾಲು: ‘ನೀರಿಲ್ಲದ ಕೊಳದಲ್ಲಿ ನಾವೇ ಅಲೆ’. ‘ನಾವೇ ಅಲೆ’ ಎಂದಿತ್ತೋ ‘ನಾವೇ ಮೀನು’ ಎಂದಿತ್ತೋ ಈಗ ಖಚಿತವಾಗಿ ನೆನಪಿಲ್ಲ. ಅಲೆಯಾದರೆ ಬಿದ್ದರೂ ಮತ್ತೆ ಏಳುತ್ತದೆ. ಮೀನಾದರೆ ನೀರಿಲ್ಲದೆ ಹೇಗೆ? ನಿನ್ನೆಯಿಂದ ಇದನ್ನೇ ಯೋಚಿಸುತ್ತಿದ್ದೇನೆ. ಫಲಕ ನಿಮ್ಮ ವಶದಲ್ಲಿರುವುದರಿಂದ ನೋಡಿ ತಿಳಿಯಬಹುದು.

ಊರ ಹೊರಗಿನ ಹಳೆಯ ಇಟ್ಟಿಗೆ ಗೂಡಿನ ಜಾಗದಲ್ಲಿ ಮಕ್ಕಳು ಚಕ್ರದ ಹಲಗೆಯ ಮೇಲೆ ಜಾರಿ ಆಡಲು ಸ್ಕೇಟ್ ಪಾರ್ಕ್ ಕಟ್ಟುವುದೆಂದು ತೀರ್ಮಾನವಾದಾಗ, ಕಳೆದ ಡಿಸೆಂಬರ್‌ನಲ್ಲಿ ಗ್ರಂಥಾಲಯದಲ್ಲಿ ಸಭೆ ಸೇರಿತ್ತು. ವಿನ್ಯಾಸ ಮಾಡುವ ಶಶಿಕುಮಾರ್ ಮೈಸೂರಿನಿಂದ ಬಂದಿದ್ದರು. ನಕ್ಷೆಯಲ್ಲಿದ್ದ ದುಂಡನೆಯ ತಗ್ಗನ್ನು ತೋರಿಸಿ ಇದು ಬೌಲ್ ಎಂದರು. ಪಿಯುಸಿ ಓದುವ ಅಭಿಷೇಕ, “ಬೌಲ್ ಅಂದ್ರೆ ಪಾಯ್ಸ ಬುಟ್ಕೊಳೋದಲ್ವಾ ಸಾರ್? ನಾವೇನು ಅದ್ರೊಳ್ಗೆ ದ್ರಾಕ್ಷಿ ಗೋಡಂಬಿನಾ?” ಎಂದ. ಎಲ್ಲರೂ ನಕ್ಕರು.

ಆಗ ವನಿತಾ ಎದ್ದು ನಿಂತಳು. ಇವಳು ಕಾಡಂಚಿನ ಗಿರಿಜನ ಹಾಡಿಯ ಸಣ್ಣಿಯವರ ಮಗಳು, ವಯಸ್ಸು 16, ಇಲ್ಲಿನ ಹಾಸ್ಟೆಲ್‌ನಲ್ಲಿದ್ದು ಓದುತ್ತಾಳೆ. “ಬ್ಯಾಸ್ಗೇಲಿ ನಮ್ಮಾಡಿ ಕೊಳ ಒಣ್ಗೋಯ್ತದೆ ಸಾರ್. ಈ ಕಡೆಯಿಂದ ಜಾರೋದು, ಆ ಕಡೆ ಅತ್ತೋದು. ಇದೂ ಅಂಗೇ ಐತೆ. ಕೊಳ ಅನ್ನಿ” ಎಂದಳು. ಶಶಿಕುಮಾರ್ ನಕ್ಷೆಯಲ್ಲಿ ಬೌಲ್ ಎಂಬುದನ್ನು ಹೊಡೆದುಹಾಕಿ ಕೊಳ ಎಂದು ಬರೆದರು. ಚಿಕ್ಕ ಮಕ್ಕಳೂ ಇಳಿಯುವಂತೆ ಒಂದು ಕಡೆ ಆಳ ಕಡಿಮೆ ಇರಲಿ ಎಂದು ಹೇಳಿದವಳೂ ಅವಳೇ. ಅದರಂತೆ ಒಂದು ಬದಿ ಎರಡು ಅಡಿ, ಎದುರು ಬದಿ ಐದು ಅಡಿ ಇಟ್ಟರು.

ಜುಲೈನಲ್ಲಿ ಸಿಮೆಂಟ್ ಕೆಲಸ ಮುಗಿಯಿತು. ಕ್ಯೂರಿಂಗ್‌ಗೆಂದು ಎರಡು ವಾರ, ಸಿಮೆಂಟ್ ಗಟ್ಟಿಯಾಗುವವರೆಗೆ, ಕೊಳದಲ್ಲಿ ನೀರು ನಿಲ್ಲಿಸಿದ್ದರು. ಫಲಕ ಹಾಕಿದ್ದೂ, ಊರಿನ ಹೆಚ್ಚಿನವರು ಅದನ್ನು ನೋಡಿದ್ದೂ ಆಗಲೇ. ನೀರು ತೆಗೆದ ಮೇಲೆ ನೋಡಿದವರು ಮಕ್ಕಳು ಮಾತ್ರ. ಉದ್ಘಾಟನೆ ಇನ್ನೂ ಆಗಿರಲಿಲ್ಲ.

31-08-2025ರ ಭಾನುವಾರ ಗೌರಿ ಗಣೇಶ ಬಿಡುವ ದಿನ. ಕೆರೆ ಏರಿಯ ದುರಸ್ತಿ ನಡೆಯುತ್ತಿದ್ದುದರಿಂದ ಆ ಕಡೆ ಯಾರನ್ನೂ ಬಿಡಲಿಲ್ಲ. ನಾನು ಮೈಸೂರಿನಲ್ಲಿ ತಂಗಿಯ ಮನೆಯಲ್ಲಿದ್ದೆ. ಸಂಜೆ ಅಭಿಷೇಕ ಫೋನ್ ಮಾಡಿ, “ಮೇಡಂ, ನಮ್ ಕೊಳುಕ್ಕೆ ನೀರ್ ತುಂಬ್ಸಿ ಗಣೇಸುನ್ನ ಬುಟ್ಬುಟ್ರು ಕಣ್ರೀ” ಎಂದ. ನೀರು ತಂದದ್ದು ಟ್ರ್ಯಾಕ್ಟರ್ ಟ್ಯಾಂಕರ್ ಇಟ್ಟಿರುವ ನಟರಾಜು. ಮಾರನೆಯ ದಿನ ಕೇಳಿದಾಗ ಅವರು, “ಕೊಳ ಕಟ್ಸಿರೋದೇ ಇದ್ಕೆ, ಬೋರ್ಡೂ ಆಕವ್ರೆ ಅಂತ ಊರೆಲ್ಲಾ ಅಂತಿತ್ತು ಮೇಡಮ್ನೋರೆ. ನಾನೇನ್ ಪ್ಲಾನ್ ಕೇಳ್ಕೊಂಡ್ ನಿಂತ್ಕಳ್ಳಾ?” ಎಂದರು. ಈ ಮಾತನ್ನು ಮೊದಲು ಆಡಿದವರು ಯಾರು ಎಂದು ಕೇಳಿದ್ದೀರಿ. ನನಗೆ ತಿಳಿಯದು. ಈ ವಿಷಯಕ್ಕೆ ನಟರಾಜು ಅವರನ್ನು ಠಾಣೆಯಲ್ಲಿ ಕೂರಿಸಿದ್ದಾರೆಂದು ಕೇಳಿದೆ.

ಅದೇ ಸೋಮವಾರ ಅಭಿಷೇಕ ಮೋಟರ್ ಇಟ್ಟು ನೀರು ಹೊರಹಾಕಿ, ಪೊರಕೆಯಿಂದ ಗುಡಿಸಿದ. ಸಂಜೆ ನಾನು ಅಂಚಿನಲ್ಲಿ ನಿಂತು ನೋಡಿದೆ. ಒಣಗಿತ್ತು. ಗಣೇಶ ಕರಗಿ ಅಂಟಿಕೊಂಡು ಒಣಗಿದ ಜೇಡಿಮಣ್ಣಿಗೂ ಸಿಮೆಂಟಿಗೂ ಒಂದೇ ಬಣ್ಣ. ರಾತ್ರಿ ತುಂತುರು ಬಿತ್ತು.

ಮಂಗಳವಾರ ಬೆಳಿಗ್ಗೆ ಸುಮಾರು ಏಳು ಗಂಟೆಗೆ ವನಿತಾ ಹೆಲ್ಮೆಟ್ ಹಾಕಿಕೊಂಡು ಐದು ಅಡಿಯ ಬದಿಯಿಂದ ಇಳಿದಳು. ನಾನು ಹತ್ತು ಹೆಜ್ಜೆ ದೂರದಲ್ಲಿ ಇನ್ನೊಬ್ಬ ಹುಡುಗಿಯ ಮೊಣಕಾಲಿನ ಪಟ್ಟಿ ಕಟ್ಟುತ್ತಿದ್ದೆ. ಚಕ್ರದ ಸದ್ದು ಅರ್ಧಕ್ಕೆ ನಿಂತಿತು. ತಿರುಗಿದಾಗ ಅವಳು ತಳದಲ್ಲಿ ಅಂಗಾತ ಬಿದ್ದಿದ್ದಳು. ನಾನು ಕುಳಿತೇ ಜಾರಿಕೊಂಡು ಇಳಿದೆ. ಸೀರೆಗೆ ಮಣ್ಣು ಮೆತ್ತಿತು. ನೀರು ಹೋಗಲೆಂದು ಇಟ್ಟು ಇನ್ನೂ ತೆರೆಯದ ಜಾಲರಿಯ ಬಳಿ ಮಣ್ಣಿನ ಗೌರಿಯ ಒಂದು ಕೈ ಇತ್ತು, ಹಸಿರು ಬಣ್ಣದಲ್ಲಿ ಬಳೆ ಬರೆದದ್ದು. ವನಿತಾ, “ಅಕ್ಕಾ, ನನ್ ಕಾಲ್ ಇಡ್ಕಳಿ” ಎಂದಳು. ನಾನು ಆಗಲೇ ಎರಡೂ ಪಾದ ಹಿಡಿದಿದ್ದೆ. ಅವಳು ಇನ್ನೊಮ್ಮೆ, “ಇಡ್ಕಳಿ ಅಕ್ಕಾ” ಎಂದಳು.

ಆಂಬ್ಯುಲೆನ್ಸ್‌ನಲ್ಲಿ ಮೈಸೂರಿನ ಆಸ್ಪತ್ರೆಗೆ ಸೇರಿಸಿದೆವು. ಬೆನ್ನುಮೂಳೆಗೆ ಪೆಟ್ಟಾಗಿದೆ, ಕಾಲಿಗೆ ಸ್ಪರ್ಶ ಮರಳುತ್ತದೆಯೋ ಇಲ್ಲವೋ ಈಗಲೇ ಹೇಳಲಾಗದು ಎಂದು ವೈದ್ಯರು ತಿಳಿಸಿದರು. ಅವಳ ತಾಯಿ ಸಣ್ಣಿ ಮಧ್ಯಾಹ್ನ ಬಂದರು. ಯಾರನ್ನೂ ಬೈಯಲಿಲ್ಲ. “ಆ ಚಕ್ರುದ್ ಅಲ್ಗೆ ಎಲ್ಲೈತೆ? ಎತ್ತಿಡಿ. ಎದ್ಮ್ಯಾಕೆ ಕೇಳ್ತಾಳೆ” ಎಂದರು. ಹಲಗೆ ಗ್ರಂಥಾಲಯದ ಬೀರುವಿನಲ್ಲಿದೆ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ನಾನು ಕಂಡಷ್ಟು ಮತ್ತು ಕೇಳಿದಷ್ಟು ಸತ್ಯ.

ಸ್ಥಳ: ಕಟ್ಟೆಮಳಲವಾಡಿ
ದಿನಾಂಕ: 03-09-2025
ಸಹಿ: ರೇಣುಕಾ

ಸಹಿಯ ನಂತರ, ನನ್ನ ಕೋರಿಕೆಯಂತೆ ಸೇರಿಸಿದ್ದು: ಹೇಳಿಕೆಯನ್ನು ಓದುತ್ತಿದ್ದಾಗ ಪಕ್ಕದ ಮನೆಯ ದೊಡ್ಡತಾಯಮ್ಮ, ವಯಸ್ಸು 62, ಬಂದು ಬಾಗಿಲಲ್ಲಿ ನಿಂತಿದ್ದರು. ಇವರು ಕಳೆದ ವರ್ಷ ಗ್ರಂಥಾಲಯದ ವಯಸ್ಕರ ತರಗತಿಯಲ್ಲಿ ನನ್ನ ಬಳಿ ಅಕ್ಷರ ಕಲಿತವರು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಅವರು ಹೇಳಿದ್ದು: “ನಟರಾಜುನ್ನ ಬುಟ್ಬುಡಕ್ಕೇಳು ರೇಣುಕವ್ವ. ಕೊಳ ಅಂತ ಊರ್ಗೆಲ್ಲಾ ಏಳ್ದೋಳು ನಾನು. ದೊಡ್ ಅಕ್ಸರ ಇತ್ತಲ್ಲ, ಕೂಡ್ಸಿ ಕೂಡ್ಸಿ ಓದ್ದೆ. ಯಾರ್ನೂ ಕೇಳ್ದಂಗೆ ನಾನು ಓದಿದ್ದು ಅದೇ ಮೊದ್ಲು ಕಣವ್ವ. ತಪ್ಪಾಗಿ ಓದ್ಬುಟ್ನಾ?”