ಕಿಣ್ವಗಳು, ಭಾಗವ್ವ ಮತ್ತು ರೊಟ್ಟಿ ಮಣೆ

ನಾನು ಐದು ನಿಮಿಷದಲ್ಲಿ ಮುಗಿಸುತ್ತೇನೆಂದು ನಂಬಿ ವೇದಿಕೆಯ ನಡುವೆ ನಿಶ್ಚಿಂತೆಯಿಂದ ಕೂತಿರುವ, ನಮ್ಮ ಕೀಲುನೋವು ಸ್ನೇಹಿತರ ಬಳಗದ ಅಧ್ಯಕ್ಷರಾದ ಶಂಭುಲಿಂಗಪ್ಪನವರೇ, ಇಂದಿನ ಮುಖ್ಯ ಅತಿಥಿಗಳೂ ನನ್ನ ಹೆಂಡತಿಯ ಕೈಗಳನ್ನು ಅವಳಿಗೆ ವಾಪಸು ಕೊಡಿಸಿದವರೂ ಆದ ಡಾಕ್ಟರ್ ವಚನಾ ಮೇಡಮ್ ಅವರೇ, ಮಹಾಲಕ್ಷ್ಮಿ ಲೇಔಟ್‌ನಿಂದ, ನಂದಿನಿ ಲೇಔಟ್‌ನಿಂದ, ದೂರದ ಕೆಂಗೇರಿಯಿಂದ ನೋಯುವ ಮೊಣಕಾಲು ಹೊತ್ತುಕೊಂಡೇ ಬಂದಿರುವ ಸಭಿಕರೇ, ಮತ್ತು ಮೊದಲನೇ ಸಾಲಿನಲ್ಲಿ ಕೂತು ಈಗಿನಿಂದಲೇ ನನ್ನನ್ನು ದುರುಗುಟ್ಟಿ ನೋಡುತ್ತಿರುವ ನನ್ನ ಧರ್ಮಪತ್ನಿ ಭಾಗವ್ವನವರೇ.

ಕೀಲುನೋವಿನವರ ವಾರ್ಷಿಕೋತ್ಸವವನ್ನು ಲಿಫ್ಟ್ ಇಲ್ಲದ ಕಟ್ಟಡದ ಎರಡನೇ ಮಹಡಿಯಲ್ಲಿ ಇಟ್ಟವರು ಯಾರು? ನಾನು ಕೇಳುವುದಿಲ್ಲ. ಅಧ್ಯಕ್ಷರು ನೆಲ ನೋಡುತ್ತಿದ್ದಾರೆ, ನನಗೆ ಉತ್ತರ ಸಿಕ್ಕಿತು.

ನನ್ನ ಹೆಸರು ತಮ್ಮಣ್ಣ, ಮುಧೋಳದ ಕಡೆಯವನು. ಇಲ್ಲೇ ವಿಜಯನಗರದ ಮಾರ್ಕೆಟ್ ಹಿಂದಿನ ಬೀದಿಯಲ್ಲಿ ‘ಭಾಗವ್ವನ ಖಾನಾವಳಿ’ ಇದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ. ಬೋರ್ಡಿನ ಮೇಲೆ ಅವಳ ಹೆಸರಿದೆ, ಅಡುಗೆ ಅವಳದು, ರೊಟ್ಟಿ ಅವಳದು. ಹಾಗಾದರೆ ನನ್ನದೇನು? ಬಾಗಿಲಲ್ಲಿ ನಿಂತು “ಬರ್ರಿ ಬರ್ರಿ, ಬಿಸಿ ಐತಿ” ಅನ್ನುವುದು ನನ್ನದು. ವರ್ಷಗಟ್ಟಲೆ ಈ ಒಂದೇ ವಾಕ್ಯ ಹೇಳಿಕೊಂಡು ನಾನು ಹೊಟ್ಟೆ ತುಂಬಿಸಿಕೊಂಡಿದ್ದೇನೆ. ಆದ್ದರಿಂದ ಸಾರ್ವಜನಿಕವಾಗಿ ಮಾತಾಡುವುದು ನನಗೆ ಹೊಸದಲ್ಲ, ಎರಡನೇ ವಾಕ್ಯ ಮಾತ್ರ ಹೊಸದು.

ಇಂದು ನನಗೆ ಶಾಲು ಹೊದಿಸಿದ್ದೀರಿ, ಪೇಟ ತೊಡಿಸಿದ್ದೀರಿ. ಪೇಟ ಸ್ವಲ್ಪ ದೊಡ್ಡದು, ಕಣ್ಣಿನ ಮೇಲೆ ಇಳಿಯುತ್ತಿದೆ, ಇರಲಿ. ‘ಆದರ್ಶ ಪತಿ’ ಎಂದು ಫಲಕದಲ್ಲಿ ಬರೆಸಿದ್ದೀರಿ. ಹೆಂಡತಿಗೆ ರುಮಟಾಯ್ಡ್ ಸಂಧಿವಾತ ಬಂದು ಕೈ ಕಟ್ಟಿಹೋದಾಗ ಮೂರು ವರ್ಷ ಅವಳ ಬದಲು ನಾನು ರೊಟ್ಟಿ ಬಡಿದೆ ಅನ್ನುವುದಕ್ಕೆ ಈ ಗೌರವ. ಸಭಿಕರೇ, ನನಗೆ ಇವತ್ತು ಎಷ್ಟು ಸಂತೋಷವೆಂದರೆ ಕಾಲು ನಿಂತಲ್ಲಿ ನಿಲ್ಲುತ್ತಿಲ್ಲ. ಏಕೆಂದರೆ ಈ ದಿನ ಬೆಳಿಗ್ಗೆ ಭಾಗವ್ವ ತನ್ನ ಕೈಯಿಂದ ರೊಟ್ಟಿ ಬಡಿದಳು. ಮತ್ತು ಖರೆ ಹೇಳುತ್ತೇನೆ, ಅದೇ ಗಳಿಗೆಯಿಂದ ನಮ್ಮ ಮನೆಯಲ್ಲಿ ಒಂದು ತಕರಾರು ಶುರುವಾಗಿದೆ. ರೊಟ್ಟಿ ಬಡಿಯುವ ಮಣೆ ಯಾರದು? ಅವಳು ಕೇಳುತ್ತಿದ್ದಾಳೆ, ನಾನು ಬಿಡಲು ತಯಾರಿಲ್ಲ. ಇದನ್ನು ಇಲ್ಲಿ ಹೇಳಬಾರದು ಅಂದುಕೊಂಡೇ ಬಂದಿದ್ದೆ. ಹೇಳಿ ಆಯಿತು.

ಇರಲಿ, ವಿಷಯಕ್ಕೆ ಬರೋಣ. ಕಿಣ್ವಗಳ ಬಗ್ಗೆ ಮಾತಾಡುತ್ತೇನೆಂದು ಅಧ್ಯಕ್ಷರಿಗೆ ಮಾತು ಕೊಟ್ಟಿದ್ದೇನೆ.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಭಾಗವ್ವ ಹಿಟ್ಟಿಗೆ ಎಸರು ಹುಯ್ದು ಕೈ ಹಾಕಿದವಳು ಹಾಗೇ ನಿಂತುಬಿಟ್ಟಳು. “ಏನಾತು?” ಅಂದೆ. “ಬೆರಳು ನನ್ನ ಮಾತು ಕೇಳವಲ್ವು” ಅಂದಳು. ಎರಡೂ ಕೈಯ ಗೆಣ್ಣುಗಳು ಊದಿದ್ದವು. ಬೆಳಿಗ್ಗೆ ಎದ್ದರೆ ಕೈ ಸಡಿಲಾಗಲು ಮಧ್ಯಾಹ್ನ ಹತ್ತಿರವಾಗುತ್ತಿತ್ತು. ಎಣ್ಣೆ ಹಚ್ಚಿದೆವು. ಬಿಸಿ ಉಪ್ಪಿನ ಗಂಟು ಇಟ್ಟೆವು. ಯಾರೋ ಎಲೆ ಕಟ್ಟಿ ಅಂದರು, ಕಟ್ಟಿದೆವು. ಬೀದಿಯಲ್ಲಿ ಸಲಹೆ ಕೊಡದವರು ಯಾರಾದರೂ ಇದ್ದರೇ? ಅರ್ಧ ವರ್ಷ ಹೀಗೇ ಹೋಯಿತು. ಕೊನೆಗೆ ವಚನಾ ಮೇಡಮ್ ಹತ್ತಿರ ಬಂದೆವು.

ಮೇಡಮ್ ಹಾಳೆಯ ಮೇಲೆ ಕೀಲಿನ ಚಿತ್ರ ಬರೆದರು. ನನಗೆ ಅದು ಹಲಸಿನ ತೊಳೆಯಂತೆ ಕಂಡಿತು. “ನೋಡಿ ತಮ್ಮಣ್ಣ ಅವರೇ, ಕೀಲಿನ ಒಳಗೆ ಒಂದು ತೆಳು ಪೊರೆ ಇರುತ್ತೆ. ಅಲ್ಲಿ ಕಿಣ್ವಗಳು ತಯಾರಾಗ್ತವೆ. ಹಳೇದನ್ನ, ಸವೆದಿದ್ದನ್ನ ಕ್ಲೀನ್ ಮಾಡೋದು ಅವುಗಳ ಕೆಲಸ. ಈಗ ಇವರ ಕೈಯಲ್ಲಿ ಅವು ಜಾಸ್ತಿಯಾಗಿ, ಚೆನ್ನಾಗಿರೋದನ್ನೂ ತಿಂತಾ ಇವೆ” ಅಂದರು. ಭಾಗವ್ವ ಕೇಳಿಸಿಕೊಂಡು, “ಹಸಿವಾಗಿದ್ರ ನಮ್ಮ ಖಾನಾವಳಿಗೆ ಬರ್ರಿ ಅಂತ ಹೇಳ್ರಿ ಅವಕ್ಕ. ನನ್ನ ಕೈ ಯಾಕ ತಿಂತಾವು?” ಅಂದಳು. ಮೇಡಮ್ ನಕ್ಕರು. ಆದರೆ ಭಾಗವ್ವನ ಕಣ್ಣಲ್ಲಿ ನೀರಿತ್ತು, ಅದನ್ನು ನಾನು ನೋಡಿದೆ.

ಚಿತ್ರ ಅರ್ಥವಾಗದವರಿಗೆ ನಾನು ನನ್ನದೇ ಒಂದು ವಿವರಣೆ ತಯಾರು ಮಾಡಿದ್ದೇನೆ. ಮೇಡಮ್ ಕೇಳಿ ಒಪ್ಪಿದ್ದಾರೆ. ಒಂದು ಮದುವೆಯ ಪಂಕ್ತಿ ನೆನೆಸಿಕೊಳ್ಳಿ. ಜನ ಉಂಡು ಎದ್ದ ಮೇಲೆ ಎಲೆ ತೆಗೆಯುವವರು ಇರುತ್ತಾರಲ್ಲ, ಅವರೇ ಕಿಣ್ವಗಳು. ಅವರು ಬೇಡವೇ? ಬೇಕು. ಅವರಿಲ್ಲದಿದ್ದರೆ ಎರಡನೇ ಪಂಕ್ತಿ ಕೂರುವುದೆಲ್ಲಿ? ಇನ್ನು ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಪಂಕ್ತಿಯ ನಡುವೆ ಓಡಾಡುವ ಒಬ್ಬ ಸೋದರಮಾವ ಇರುತ್ತಾನೆ. “ತಡೀರಪ್ಪಾ, ಇನ್ನೂ ಮಜ್ಜಿಗೆ ಬಂದಿಲ್ಲ” ಅಂತ ಎಲೆ ತೆಗೆಯುವವರ ಕೈ ಹಿಡಿಯುವುದು ಅವನ ಕೆಲಸ. ದೇಹದಲ್ಲೂ ಕಿಣ್ವಗಳ ಕೈ ಹಿಡಿಯುವ ಪದಾರ್ಥಗಳು ಇವೆಯಂತೆ. ತೆಗೆಯುವವರು ಒಂದು ಕಡೆ, ತಡೆಯುವವರು ಒಂದು ಕಡೆ, ಹೀಗೆ ಕೀಲು ನಡೆಯುತ್ತದೆ.

ಈ ರೋಗದಲ್ಲಿ ಏನಾಗುತ್ತದೆ? ದೇಹವನ್ನು ಕಾಯಬೇಕಾದ ಕಾವಲುಗಾರನೇ ಬಾಗಿಲಲ್ಲಿ ನಿಂತು “ಮುಂದಿನ ಪಂಕ್ತಿ ಕಾಯ್ತಾ ಐತಿ, ಲಗೂ ಎತ್ರಿ” ಅಂತ ಸುಳ್ಳು ಸುಳ್ಳೇ ಒದರುತ್ತಾನೆ. ಎಲೆ ತೆಗೆಯುವವರು ಒಬ್ಬರ ಬದಲು ಹತ್ತು ಜನ ಬರುತ್ತಾರೆ. ಸೋದರಮಾವನಿಗೆ ಎಷ್ಟು ಜನರ ಕೈ ಹಿಡಿಯಲು ಆದೀತು? ಪಾಯಸ ಬಡಿಸುವ ಮೊದಲೇ ಎಲೆ ಎಳೆದರು. ಆಮೇಲೆ ಮೇಜಿನ ಮೇಲಿನ ಹಾಳೆ ಎಳೆದರು. ಆಮೇಲೆ ಮೇಜಿಗೇ ಕೈ ಹಾಕಿದರು. ಎಲುಬಿನ ತುದಿಗಿರುವ ನುಣುಪಾದ ಹೊದಿಕೆ, ಮೃದ್ವಸ್ಥಿ ಅನ್ನುತ್ತಾರೆ, ಅದೇ ಆ ಎಲೆ. ಮೇಜು ಅಂದರೆ ಎಲುಬು.

ಬಾಗಿಲಲ್ಲಿ ನಿಂತು ಕೂಗುವವನೇ ಎಲ್ಲಕ್ಕೂ ಮೂಲ ಎಂದು ಗೊತ್ತಾದಾಗ, ಸಭಿಕರೇ, ನನಗೆ ವೈಯಕ್ತಿಕವಾಗಿ ಬಹಳ ಅವಮಾನವಾಯಿತು. ಮೇಡಮ್ ಕೊಟ್ಟ ಗುಳಿಗೆ, ಇಂಜೆಕ್ಷನ್ ಎಲೆ ತೆಗೆಯುವವರನ್ನು ಹೊಡೆದು ಓಡಿಸುವುದಿಲ್ಲ, ಆ ಕೂಗುವವನ ಬಾಯಿ ಮುಚ್ಚಿಸುತ್ತದೆ. ಇದನ್ನು ಕೇಳಿದ ಕೂಡಲೇ ಭಾಗವ್ವ ನನ್ನ ಕಡೆ ತಿರುಗಿ ನೋಡಿ, “ನಮ್ಮ ಬಾಗಲದಾಗ ನಿಂತು ಒದರವ್ರಿಗೂ ಇಂಥಾ ಗುಳಿಗಿ ಐತೇನ್ರಿ ಡಾಕ್ಟರ್?” ಅಂದಳು. ಅಷ್ಟು ನೋವಿನಲ್ಲೂ ನನ್ನನ್ನು ಬಿಡಲಿಲ್ಲ.

ಒಂದು ಮಾತು ಮಾತ್ರ ನಗದೆ ಕೇಳಿ. ಕಿಣ್ವಗಳು ತಿಂದುಹಾಕಿದ್ದು ತಿರುಗಿ ಬೆಳೆಯುವುದಿಲ್ಲ. ನಾವು ಎಣ್ಣೆ ಹಚ್ಚಿಕೊಂಡು ಕೂತ ಅರ್ಧ ವರ್ಷದಲ್ಲಿ ಭಾಗವ್ವನ ಎಡಗೈ ಕಿರುಬೆರಳು ಡೊಂಕಾಯಿತು, ಅದು ಇನ್ನು ಹಾಗೇ. ನಿಮ್ಮ ಮನೆಯಲ್ಲಿ ಯಾರಿಗಾದರೂ ಬೆಳಿಗ್ಗೆ ಎದ್ದಾಗ ಎರಡೂ ಕೈ ಬಹಳ ಹೊತ್ತು ಬಿಗಿದುಕೊಂಡರೆ, ಗೆಣ್ಣು ಊದಿದರೆ, ದಯವಿಟ್ಟು ಬೀದಿಯವರ ಮಾತು ಕೇಳಬೇಡಿ, ಮೊದಲು ಡಾಕ್ಟರ ಹತ್ತಿರ ಹೋಗಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನೋಡಲಿ, ಪೇಟ ಕಟ್ಟಿದವರು ಅವರೇ.

ಭಾಗವ್ವನ ಕೈ ನಿಂತ ಮೇಲೆ ಖಾನಾವಳಿ ಬಾಗಿಲು ಹಾಕಿತು. ಆಳು ಇಟ್ಟೆವು, ನಿಲ್ಲಲಿಲ್ಲ. ನಮ್ಮಲ್ಲಿ ಉಣ್ಣುವವರು ಯಾರು? ನಮ್ಮ ಕಡೆಯಿಂದ ಬಂದ ಓದುವ ಹುಡುಗರು, ಮನೆಮನೆಗೆ ಊಟ ತಲುಪಿಸುವ ಡೆಲಿವರಿ ಹುಡುಗರು. ಊರಿಗೆಲ್ಲ ಬಿರಿಯಾನಿ ಹೊತ್ತು ತಿರುಗಿ ತಾವು ರೊಟ್ಟಿಗೆ ಬರುವವರು. ಅವರು ಬಂದು ಬೀಗ ನೋಡಿ ಹೋಗುತ್ತಿದ್ದರು. ಒಂದು ದಿನ ನಾನೇ ಮಣೆ ಮುಂದೆ ಕೂತೆ. ಖಾನಾವಳಿಯ ಹಿಂದೆಯೇ ನಮ್ಮ ಮನೆ, ನಡುವೆ ಒಂದು ಪರದೆ; ಭಾಗವ್ವ ಅದರ ಆಚೆ ಮಂಚದ ಮೇಲೆ ಮಲಗಿದ್ದಳು. ಮಲಗಿದಲ್ಲೇ ಬಡಿಯುವ ಸದ್ದು ಕೇಳಿ, “ನಡುವ ದಪ್ಪ ಆತು, ಅಂಚಿಗೆ ಬಡೀರಿ” ಅನ್ನುತ್ತಿದ್ದಳು. ನೋಡದೇ ಹೇಗೆ ಗೊತ್ತಾಗುತ್ತದೆ? ಪರದೆ ಸರಿಸಿ ನೋಡಿದರೆ ಕಣ್ಣು ಮುಚ್ಚಿಕೊಂಡಿದ್ದಾಳೆ. “ಹಿಂಗ ಹೊಡದ್ರ ಅದು ರೊಟ್ಟಿ ಆಗೂದಿಲ್ಲ, ಪೊಲೀಸ್ ಸ್ಟೇಷನ್ ಆಗ್ತದ” ಅನ್ನುವಳು.

ನನ್ನ ಮೊದಲ ರೊಟ್ಟಿಯನ್ನು ತಿಂದವನು ಹನುಮೇಶ ಎಂಬ ಡೆಲಿವರಿ ಹುಡುಗ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, “ಅಣ್ಣಾ, ಇದನ್ನ ತಿನ್ಲ್ಯೋ, ತಲಿಗಿ ಹಾಕ್ಕೊಂಡು ಗಾಡಿ ಹೊಡೀಲ್ಯೋ?” ಅಂದ. ಆದರೆ ತಿಂದ. ಮರುದಿನವೂ ಬಂದ. ಎಷ್ಟೋ ತಿಂಗಳಾದ ಮೇಲೆ ಒಂದು ದಿನ ಅವನೇ ತಟ್ಟೆ ಇಡುತ್ತಾ, “ಅಣ್ಣಾ, ಇವತ್ತಿಂದು ಅಕ್ಕಾರ ರೊಟ್ಟಿ ಇದ್ದಂಗ ಐತಿ” ಅಂದ. ನಾನು ಹಂಚಿನ ಕಡೆ ತಿರುಗಿ ನಿಂತುಬಿಟ್ಟೆ. ಹೊಗೆ ಇರಲಿಲ್ಲ, ಗ್ಯಾಸ್ ಒಲೆ ಅದು, ಆದರೂ ಕಣ್ಣು ಒರೆಸಿಕೊಂಡೆ.

ಸಭಿಕರೇ, ಸೇವೆ ಮಾಡಿದೆ, ತ್ಯಾಗ ಮಾಡಿದೆ ಅಂತ ನೀವೆಲ್ಲ ಹೇಳುತ್ತಿದ್ದೀರಿ. ಯಾವ ತ್ಯಾಗ? ಮೊದಲ ತಿಂಗಳು ಹೌದು, ತ್ಯಾಗವೇ, ಅಂಗೈ ಉರಿಯುತ್ತಿತ್ತು. ಆಮೇಲೆ ನನಗೆ ಅದರ ಹುಚ್ಚೇ ಹಿಡಿಯಿತು. ಹಿಟ್ಟಿನ ಉಂಡೆ ಅಂಗೈ ಕೆಳಗೆ ತಾನಾಗಿ ತಿರುಗುತ್ತಾ ಅಗಲವಾಗುತ್ತದಲ್ಲ, ಹಂಚಿನ ಮೇಲೆ ಹಾಕಿ ನೀರು ಸವರಿ ಮಗುಚಿದರೆ ಉಸಿರು ತುಂಬಿ ಏಳುತ್ತದಲ್ಲ, ಅದನ್ನು ನೋಡಲು ನಾನು ಬೆಳಿಗ್ಗೆ ಕೋಳಿಗಿಂತ ಮೊದಲು ಏಳುತ್ತಿದ್ದೆ. ನನ್ನ ಜನ್ಮದಲ್ಲಿ ನಾನು ಕೈಯಾರೆ ಮಾಡಿದ್ದನ್ನು ತಿಂದವನು ಬಾಯಿ ಚಪ್ಪರಿಸಿದ್ದು ಅಂತ ಇದ್ದರೆ ಅದು ಈ ರೊಟ್ಟಿ ಒಂದೇ.

ಈಗ ಬೆಳಗಿನ ವಿಷಯಕ್ಕೆ ಬರುತ್ತೇನೆ. ಹೋದ ವಾರ ಮೇಡಮ್ ಪರೀಕ್ಷೆ ಮಾಡಿ, “ರೋಗ ಶಾಂತವಾಗಿದೆ. ಆದ್ರೆ ಕೈಗೆ ರೆಸ್ಟ್ ಕೊಟ್ಟು ಕೊಟ್ಟು ಕೆಲಸ ಮಾಡಿ, ಮೊದಲಿನ ಹಾಗೆ ರಾಶಿ ರಾಶಿ ಬೇಡ” ಅಂದಿದ್ದರು. ಇವತ್ತು ನಾನು ಹಿಟ್ಟು ನಾದಿ ಮುಗಿಸಿದ್ದೆ. ಭಾಗವ್ವ ಪರದೆ ಸರಿಸಿಕೊಂಡು ಬಂದು ಸೆರಗು ಸಿಕ್ಕಿಸಿ, “ಸರೀರಿ” ಅಂದಳು. ಸರಿದೆ. ಕೂತಳು. ಬಡಿದಳು. ಡೊಂಕು ಬೆರಳಿನ ಕಡೆ ಅಂಚು ಸ್ವಲ್ಪ ಸೊಟ್ಟ ಬಂತು, ಆದರೆ ಹಂಚಿನ ಮೇಲೆ ಹಾಕಿದರೆ ಪೂರಿ ಹಾಗೆ ಉಬ್ಬಿತು. ನನಗೆ ಕುಣಿಯಬೇಕು ಅನಿಸಿತು, ಕುಣಿದೆ ಕೂಡ, ಅಕ್ಕಪಕ್ಕದವರು ನೋಡಿದ್ದಾರೆ. ಕುಣಿದು ಮುಗಿಸಿ “ಆತು, ಏಳು ಇನ್ನ” ಅಂದೆ. “ಯಾಕ ಏಳಲಿ? ಮಣಿ ನಂದು” ಅಂದಳು. “ಮೂರು ವರ್ಷದಿಂದ ನಂದು” ಅಂದೆ. “ನೀವು ಹೋಗಿ ಬಾಗಲದಾಗ ನಿಂದ್ರಿ, ಜನಾನ್ನ ಕರೀರಿ” ಅಂದಳು.

ಬಾಗಿಲು. ಹೆಂಡತಿ ವಾಸಿಯಾದಳು ಅಂತ ಹಿಗ್ಗು, ನಾನು ಮತ್ತೆ ‘ಬರ್ರಿ ಬರ್ರಿ’ ಆಗಬೇಕಲ್ಲ ಅಂತ ಸಂಕಟ, ಎರಡೂ ಒಟ್ಟಿಗೆ. ಡಾಕ್ಟರು ರಾಶಿ ಬೇಡ ಅಂದಿದ್ದಾರೆ ಅಂತ ವಾದಿಸಬಹುದಿತ್ತು. ಡಾಕ್ಟರ ಹೆಸರು ಹೇಳಿ ಮಣೆ ಗೆಲ್ಲಲು ನನಗೆ ಮನಸ್ಸು ಬರಲಿಲ್ಲ. ನನಗೆ ಬೇಕು ಅಂತಲೇ ಹೇಳಬೇಕು. ಮನೆಯಲ್ಲಿ ಹೇಳಲು ಧೈರ್ಯ ಸಾಲದು, ಇಲ್ಲಿ ಮೈಕು ಇದೆ, ಅವಳು ಎದ್ದು ಬರುವುದಕ್ಕೆ ನಡುವೆ ಇಷ್ಟು ಕುರ್ಚಿಗಳಿವೆ.

ಆದ್ದರಿಂದ ಅಧ್ಯಕ್ಷರೇ, ಈ ಫಲಕವನ್ನು ದಯಮಾಡಿ ವಾಪಸು ತೆಗೆದುಕೊಳ್ಳಿ. ಆದರ್ಶ ಪತಿಯಾದವನು ಹೆಂಡತಿಯ ಕೈ ವಾಸಿಯಾದ ದಿನ ನಗುನಗುತ್ತಾ ಮಣೆ ಬಿಟ್ಟು ಏಳಬೇಕು. ನಾನು ಏಳುವುದಿಲ್ಲ. ಭಾಗವ್ವಾ, ಇನ್ನೊಂದು ಮಣೆ ತರುತ್ತೇನೆ, ನಿನ್ನ ಪಕ್ಕದಲ್ಲೇ ಹಾಕಿಕೊಳ್ಳುತ್ತೇನೆ. ಹಿಟ್ಟು ನಾನೇ ನಾದುತ್ತೇನೆ. ನಿನ್ನ ಕೈ ಸಾಕು ಅಂದಾಗ ನೀನು ನಿಲ್ಲಿಸು, ನಾನು ಮುಂದುವರಿಸುತ್ತೇನೆ. ಸದ್ದು ಕೇಳಿ ಬೇಕಾದಷ್ಟು ಬೈಯಿ. ಬಾಗಿಲಿಗೆ ಮಾತ್ರ ಕಳಿಸಬೇಡ.

ಒಂದು ನಿಮಿಷ. ಎದ್ದು ನಿಂತಿದ್ದಾಳೆ. ನಗುತ್ತಿದ್ದಾಳೋ ಸಿಟ್ಟಾಗಿದ್ದಾಳೋ ಈ ಪೇಟದ ಕೆಳಗಿನಿಂದ ಸರಿಯಾಗಿ ಕಾಣುತ್ತಿಲ್ಲ. ಕೈ ಎತ್ತಿದ್ದಾಳೆ. ಮನೆಗೆ ಬರ್ರಿ, ಗುದ್ದುತೀನಿ ಅಂತ ಮುಷ್ಟಿ ತೋರಿಸುತ್ತಿದ್ದಾಳೆ. ಮುಷ್ಟಿ, ಸಭಿಕರೇ. ಈ ರೋಗದಲ್ಲಿ ಮೊದಲು ಹೋಗುವುದೇ ಅದು, ನಿಮಗೆಲ್ಲ ಗೊತ್ತು. ಚಮಚ ಹಿಡಿಯಲಾರದೆ ನನ್ನ ಕೈಯಿಂದ ಉಣ್ಣುತ್ತಿದ್ದವಳು ಇವಳು. ಮೇಡಮ್, ಸ್ವಲ್ಪ ಈ ಕಡೆ ನೋಡಿ, ಡೊಂಕು ಬೆರಳೂ ಒಳಗೆ ಮಡಚಿದೆ, ಪೂರ್ತಿ ಮುಷ್ಟಿ. ಇಳಿಸಬೇಡ ಭಾಗವ್ವಾ, ಹಿಂದಿನ ಸಾಲಿನವರಿಗೂ ಕಾಣಲಿ.

ಎಲ್ಲರಿಗೂ ವಂದನೆ. ಗುದ್ದು ತಿನ್ನಲು ನಾನು ಬೇಗ ಮನೆಗೆ ಹೋಗಬೇಕು. ನಮಸ್ಕಾರ.